ಕೆನ್ನೆಯೊಳಗಿನ ದೀಪ

ಯಾರೋ ಬಂದು ಬಲಗಿವಿಯ ಹತ್ತಿರ ನಿಂತರು, ರಬ್ಬರ್ ಚಪ್ಪಲಿಯ ಸಪ್ಪಳ, ಸಿಸ್ಟರ್ ಇರಬೇಕು, ಡಾಕ್ಟರಮ್ಮನಾದರೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತಾಳೆ, ಕಣ್ಣಿಗೆ ದಪ್ಪ ಪಟ್ಟಿ ಬಿಗಿದಿದ್ದಾರೆ, ಪಟ್ಟಿಯೊಳಗೆ ಬೆವರು, ಮೂಗು ತುರಿಸುತ್ತಿದೆ, ತುರಿಸಿಕೊಳ್ಳಲು ಹೋಗಿ ಬೆರಳು ಕೆನ್ನೆಗೆ ತಾಗಿದರೆ — ಬೇಡಪ್ಪಾ ಬೇಡ, ಕೈ ಹೊಟ್ಟೆಯ ಮೇಲೇ ಇರಲಿ, ಬಲಗೆನ್ನೆಯೊಳಗೆ ಸೂಜಿ ಇದೆ, ಸೂಜಿಯ ಜೊತೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ, ಅದರ ತುದಿಯಲ್ಲಿ ಬೆಳಕು ಬರುತ್ತದಂತೆ, ನನ್ನ ಕೆನ್ನೆಯೊಳಗೆ ದೀಪ, ಒಳ್ಳೇದೇ ಆಯ್ತು ಬಿಡೇ, ಇನ್ಮೇಲೆ ಕರೆಂಟ್ ಹೋದ್ರೆ ನಿನ್ನ ಬಾಯಿ ತೆಗೆಸಿದ್ರೆ ಸಾಕು, ಎಂದು ನಮ್ಮ ಯಜಮಾನರು ಹಲ್ಲು ಕಿರಿದರು, ಅವರಿಗೇನು, ಫ್ಲಾಸ್ಕ್ ಅಪ್ಪಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಹೆದರಿಕೆಯಾದಾಗಲೇ ಅವರಿಗೆ ತಮಾಷೆ ಜಾಸ್ತಿ. ಈಗ ಹತ್ತಿ ಬರುತ್ತದೆ. ಹತ್ತಿಯ ತುದಿಯನ್ನು ಹೊಸೆದು ಎಳೆಯಷ್ಟು ಸಣ್ಣ ಮಾಡಿ ಕೆನ್ನೆಗೆ ಸವರುತ್ತಾರೆ, ಎಷ್ಟು ನೋವು ಅಂತ ನಾನು ಹೇಳಬೇಕು, ಸೊನ್ನೆಯಿಂದ ಹತ್ತರೊಳಗೆ, ಮೊದಲನೆಯ ಸಲ ಬೆಳಕಿಲ್ಲ ಎಂದು ಹೇಳಿಯೇ ಸವರಿದ್ದರು, ಒಂಬತ್ತು ಅಂದೆ, ಪಾದದ ಬೆರಳೆಲ್ಲ ಮುದುಡಿಹೋಗಿದ್ದವು.

ಹತ್ತಿ ಮುಟ್ಟಿದರೆ ಒಂಬತ್ತು, ಹೇಳಿದರೆ ಯಾರು ನಂಬುತ್ತಾರೆ, ಬಸ್ಸಿನ ಬಾಗಿಲಲ್ಲಿ ನಿಂತಾಗ ಗಾಳಿ ಬೀಸಿದರೂ ಸಾಕು, ದವಡೆಯಿಂದ ಕಣ್ಣಿನವರೆಗೆ ಕಾದ ಕಂಬಿ ಎಳೆದ ಹಾಗೆ, ಟಿಕೆಟ್ ಟಿಕೆಟ್ ಎಂದು ಕೂಗುತ್ತಿದ್ದವಳು ಬಾಯಿ ಬಿಡದೆ ಕೈ ಮಾತ್ರ ಚಾಚುತ್ತಿದ್ದೆ, ಈ ಕಂಡಕ್ಟರಮ್ಮನಿಗೆ ಎಷ್ಟು ಧಿಮಾಕು ನೋಡ್ರೀ ಎಂದರು ಜನ, ಅನ್ನಲಿ, ಹಲ್ಲು ನೋವೆಂದು ಎರಡು ಹಲ್ಲು ಕೀಳಿಸಿಕೊಂಡಿದ್ದೂ ಆಯಿತು, ಹಲ್ಲು ಹೋಯಿತು ನೋವು ಕೂತಿತು, ಗುಳಿಗೆ ನುಂಗಿದರೆ ಹಗಲೆಲ್ಲ ತೂಕಡಿಕೆ, ಕೊನೆಗೆ ದೊಡ್ಡ ಡಾಕ್ಟರು ನರ ಕತ್ತರಿಸೋಣ ಎಂದರು, ಅಷ್ಟೇ ಸಲೀಸಾಗಿ, ಬಳ್ಳಿ ಕತ್ತರಿಸಿದ ಹಾಗೆ. ಪಕ್ಕದ ಮಂಚದ ಹೆಂಗಸಿಗೆ ಕತ್ತರಿಸಿದ್ದಾರೆ. ನೋವಿಲ್ಲ, ನಿಜ, ಆದರೆ ಅರ್ಧ ಮುಖ ಅವಳದಲ್ಲ, ಚಹಾ ಗಲ್ಲದ ಮೇಲೆ ಇಳಿಯುತ್ತಿದ್ದರೂ ಗೊತ್ತಾಗುವುದಿಲ್ಲ, ಮಾತಾಡುತ್ತಲೇ ಇರುತ್ತಾಳೆ ಪಾಪ, ಮಗಳು ಮೇಜು ಒರೆಸಿದ ಹಾಗೆ ಒರೆಸುತ್ತಾಳೆ. ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು, ನೋವೂ ಹೋಗ್ಬೇಕು ಮುಖಾನೂ ಉಳೀಬೇಕು, ಅಕ್ಕಿ ಮೇಲೆ ಆಸೆ ನೆಂಟರ ಮೇಲೆ ಪ್ರೀತಿ — ಹೌದತ್ತೆ, ಎರಡೂ ಬೇಕು, ನನ್ನ ಮುಖ ನನಗೆ ಬೇಕು.

ಅದಕ್ಕೇ ಈ ಮದ್ದು. ನರದ ಮೇಲೆ ಗ್ರಾಹಕಗಳು ಅಂತ ಇರ್ತವೆ, ಪುಟ್ಟ ಪುಟ್ಟ ಬಾಗಿಲು ಅಂದ್ಕೊಳ್ಳಿ, ಮದ್ದು ಅಲ್ಲಿಗೆ ಹೋಗಿ ಸುಮ್ನೆ ಕೂತಿರುತ್ತೆ, ನೇರಳೆ ಬೆಳಕು ಬಿಟ್ರೆ ಬಾಗಿಲು ಹಾಕುತ್ತೆ, ನೋವು ಮುಂದಕ್ಕೆ ಹೋಗಲ್ಲ, ಹಸಿರು ಬಿಟ್ರೆ ತೆಗೆಯುತ್ತೆ — ಡಾಕ್ಟರಮ್ಮ ಕೈಯಲ್ಲೇ ಬಾಗಿಲು ಮಾಡಿ ತೋರಿಸಿದಳು, ನಾನಂದೆ, ಹಾಗಾದ್ರೆ ನೇರಳೆ ಅಂದ್ರೆ ಹೋಲ್ಡಾನ್, ಹಸಿರು ಅಂದ್ರೆ ರೈಟ್, ಅಷ್ಟೇ ತಾನೇ, ನಕ್ಕಳು, ನಮ್ಮ ಚಿಕ್ಕ ತಂಗಿಯ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪು, ಈ ಕೋಣೆಯಲ್ಲಿ ಕೆಂಪು ದೀಪ ಒಂದೇ, ಬೇರೆ ಬೆಳಕು ತಾಗಿದರೆ ಮದ್ದು ಸಿರಿಂಜಿನಲ್ಲೇ ಎಚ್ಚರವಾಗುತ್ತದಂತೆ. ಯಾವಾಗ ಯಾವ ಬೆಳಕು ಅಂತ ನಿಮಗೆ ಹೇಳಲ್ಲ, ಗೊತ್ತಾದ್ರೆ ಮನಸ್ಸೇ ನೋವು ಕಮ್ಮಿ ಮಾಡಿಬಿಡುತ್ತೆ, ನಮ್ಮನ್ನ ಖುಷಿಪಡಿಸೋಕೆ ಏನೂ ಹೇಳ್ಬೇಡಿ, ಇವತ್ತು ಸರಿಯಾಗಿ ಗೊತ್ತಾಗದಿದ್ರೆ ದೊಡ್ಡ ಡಾಕ್ಟರು ಆಪರೇಷನ್ನಿಗೇ ಬರೀತಾರೆ. ಗೊತ್ತಾಯಿತು ತಾಯಿ. ಆದರೆ ನಾನೂ ಕಂಡಕ್ಟರು, ಮುಖ ನೋಡಿ ಟಿಕೆಟ್ ಇಲ್ಲದವನನ್ನು ಹಿಡಿಯುವವಳು, ಕಣ್ಣು ಕಟ್ಟಿದರೇನು ಕಿವಿ ಇಲ್ಲವೇ — ಟಿಕ್, ಎಲ್ಲೋ ತಲೆಯ ಹಿಂದೆ ಟಿಕ್, ಬಂತು, ಅದೇ, ನೇರಳೆ ಬಿಟ್ಟರು, ಬಾಗಿಲು ಹಾಕಿತು, ಹತ್ತಿ ಬರುತ್ತಿದೆ, ಹಾಂ, ಏನೂ ಇಲ್ಲ, ತಣ್ಣಗಿದೆ, ಸೊನ್ನೆ! ಎಂದುಬಿಟ್ಟೆ.

ಕಂಡಕ್ಟರಮ್ಮಾ, ನಾನಿನ್ನೂ ಮುಟ್ಟೇ ಇಲ್ಲ, ಡಾಕ್ಟರಮ್ಮನ ದನಿ.

ಅಯ್ಯೋ ನನ್ನ ಬುದ್ಧಿಗಿಷ್ಟು. ಸಿಸ್ಟರ್ ಕಿಸಕ್ಕನೆ ನಕ್ಕು ಕೆಮ್ಮಿದಳು, ಟಿಕ್ ಅಂತು ಮೇಡಂ, ಬೆಳಕು ಬಂತು ಅಂದ್ಕೊಂಡೆ, ಅಮ್ಮಾ, ಅದು ಏಸಿ. ಏಸಿ! ಪ್ರಯಾಣಿಕ ಹತ್ತುವ ಮೊದಲೇ ಟಿಕೆಟ್ ಹರಿದು ಕೊಟ್ಟವಳು ನಾನೇ, ಮುಖ ಬಿಸಿಯಾಯಿತು, ಎಡಗಡೆ ಬೆಚ್ಚಗೆ, ಬಲಗಡೆ ಚುಚ್ಚಿದ ಹಾಗೆ, ಈಗ ಇವಳು ನನ್ನ ಮಾತು ನಂಬುತ್ತಾಳೋ ಇಲ್ಲವೋ, ಯಾಕೆ ನಂಬಬೇಕು, ಸುಳ್ಳು ಸೊನ್ನೆ ಹೇಳಿ ಈ ಮದ್ದು ಹಿಡಿದರೆ ನಾಳೆ ಬಸ್ಸಿನಲ್ಲಿ ಗಾಳಿ ಬೀಸಿದಾಗ ಯಾರಿಗೆ ಹೇಳಲಿ ಸೊನ್ನೆ ಅಂತ, ಹತ್ತಿ ಬರುತ್ತಿದೆಯೇ, ಗೊತ್ತಾಗುತ್ತಿಲ್ಲ, ಉಸಿರು ಬಿಗಿಹಿಡಿದಿದ್ದೇನೆ, ಎಲ್ಲಿದೆ ಹತ್ತಿ — ಅಮ್ಮಾ! ಕಣ್ಣು, ಕಣ್ಣಿನ ಬುಡ, ಹಲ್ಲಿಲ್ಲದ ಜಾಗದಲ್ಲಿ ಹಲ್ಲು, ಕಂಬಿ, ಕಾದ ಕಂಬಿ, ತಡಿ, ಕೂಗಬೇಡ, ಮೂರು ಅಂದರೂ ಆಗುತ್ತದೆ, ನಾಲ್ಕು ಅನ್ನು, ನಾಲ್ಕಾದರೆ ಮದ್ದು ಸ್ವಲ್ಪ ಹಿಡಿದಿದೆ ಅಂದುಕೊಳ್ಳುತ್ತಾರೆ, ಕತ್ತರಿ ದೂರ ಹೋಗುತ್ತದೆ, ಎಷ್ಟು ಅಂತೀರಿ ಅಮ್ಮಾ, ಎಷ್ಟು, ನಾಲಿಗೆಯ ಮೇಲೆ ನಾಲ್ಕು ಇದೆ, ಪಕ್ಕದ ಮಂಚದವಳ ಗಲ್ಲ ಇದೆ, ನಾಳೆಯ ಬಸ್ಸಿನ ಗಾಳಿಯೂ ಇದೆ — ಹತ್ತು, ಹತ್ತು ಮೇಡಂ, ಪೂರ್ತಿ ಹತ್ತು. ಮುಗಿಯಿತು ಎಂದುಕೊಂಡೆ, ಪಟ್ಟಿಯ ಒಳಗೇ ಅತ್ತುಬಿಟ್ಟೆ.

ಸಿಸ್ಟರ್ ಕೈ ಹಿಡಿದುಕೊಂಡಿದ್ದಾಳೆ, ಅವಳ ಅಂಗೈಯೂ ಒದ್ದೆ, ಸ್ವಲ್ಪ ತಡೀರಿ ಅಕ್ಕಾ, ಏನು ತಡೆಯುವುದು, ಹೊರಗೆ ಕೂತ ಯಜಮಾನರಿಗೆ ಏನು ಹೇಳಲಿ, ಮೊದಲೆಲ್ಲ ಮುದ್ದಿಸಲು ಬಂದರೆ ಗಡ್ಡ ಚುಚ್ಚುತ್ತೆ ಹೋಗಿ ಅತ್ಲಾಗೆ ಎಂದು ಬೈಯುತ್ತಿದ್ದೆ, ಆಮೇಲೆ ನೋವು ಬಂದು ಅವರೇ ಹತ್ತಿರ ಬರುವುದನ್ನು ಬಿಟ್ಟರು, ಹಾಸಿಗೆಯ ಆ ತುದಿಯಲ್ಲಿ ಸುತ್ತಿಕೊಂಡು ಮಲಗುತ್ತಾರೆ, ನಿದ್ದೆಯಲ್ಲಿ ಕೈ ತಾಗೀತೆಂದು, ಏನೋ ಕೆನ್ನೆಯ ಮೇಲೆ — ಏನದು, ಮೆತ್ತಗೆ, ನಡೆಯುತ್ತಿದೆ, ಮೂಗಿನ ಪಕ್ಕದಿಂದ ತುಟಿಯ ಅಂಚಿಗೆ, ಮತ್ತೆ ಮೇಲಕ್ಕೆ, ಹತ್ತಿ, ಬರೀ ಹತ್ತಿ, ಕಚಗುಳಿ ಇಡುತ್ತಿದೆ ಹಾಳಾದ್ದು, ಎಷ್ಟು ಅಂತೀರಿ, ಕೆನ್ನೆ ಇದೆ ಮೇಡಂ, ಮುಟ್ಟೋದು ಗೊತ್ತಾಗ್ತಿದೆ, ನೋವಿಲ್ಲ, ಸೊನ್ನೆ, ಈ ಸಲ ಮುಟ್ಟಿದೀರಿ ತಾನೇ, ಹೂಂ ಅಮ್ಮಾ, ಮುಟ್ಟಿದೀನಿ, ನಗುತ್ತಿದ್ದಾಳೆ, ಇನ್ನೊಂದು ಸಲ ಸವರಿ, ಇನ್ನೊಂದೇ ಸಲ.

ಕೇಳಿ ಕಂಡಕ್ಟರಮ್ಮಾ. ನಗು ಹೋಯಿತು ದನಿಯಲ್ಲಿ. ನೀವು ಹತ್ತು ಅಂದಾಗ ಬೆಳಕೇ ಬಿಟ್ಟಿರ್ಲಿಲ್ಲ, ಆಮೇಲೆ ನೇರಳೆ ಬಿಟ್ಟೆ, ಆದ್ರೆ ನಿಮ್ಮ ನೋವು ಒಮ್ಮೊಮ್ಮೆ ತಾನಾಗೇ ತಣ್ಣಗಾಗುತ್ತಲ್ಲ, ಈಗ್ಲೂ ಹಾಗೇ ಆಗಿರ್ಬಹುದು, ಬೆಳಕಿಂದ್ಲೇ ಅಂತ ನಾನು ಹೇಗೆ ಹೇಳ್ಲಿ, ಈಗ ಹಸಿರು ಬಿಡ್ತೀನಿ, ನೋವು ವಾಪಸ್ ಬಂದ್ರೆ ಮಾತ್ರ ಬೆಳಕಿನ ಕೆಲಸ ಅಂತ ಖಾತ್ರಿ, ಬರದಿದ್ರೆ ದೊಡ್ಡ ಡಾಕ್ಟರು ಒಪ್ಪಲ್ಲ, ಯಾವ ಬೆಳಕು ಅಂತ ಹೇಳ್ಬಾರ್ದಿತ್ತು, ಆದ್ರೆ ನೋವು ತರಿಸೋದಕ್ಕೆ ನಿಮ್ಮನ್ನ ಕೇಳ್ದೆ ಆಗಲ್ಲ, ಬಿಡ್ಲಾ, ನೀವು ಹೂಂ ಅನ್ಬೇಕು. ಅಂದರೆ ಈ ಸುಖವನ್ನು ನಾನೇ ಬಾಯಿ ಬಿಟ್ಟು ಓಡಿಸಬೇಕು, ಒಂದು ಗಳಿಗೆ ಇರಲಿ ಮೇಡಂ, ಅವರನ್ನು ಒಳಗೆ ಕರೀರಿ, ಒಂದು ಸಲ ಮುಟ್ಟಿ ಹೋಗಲಿ, ಗಡ್ಡ ಚುಚ್ಚಲಿ — ಇಲ್ಲ, ಕೋಣೆಯ ಬಾಗಿಲು ತೆಗೆದರೆ ಹೊರಗಿನ ಬೆಳಕು ಬರುತ್ತದೆ, ಎಲ್ಲ ಕೆಡುತ್ತದೆ, ಹೂಂ, ಎಂದೆ, ಬಿಡಿ. ಕಾಯುತ್ತಿದ್ದೇನೆ. ಇಷ್ಟು ವರ್ಷ ಬೇಡ ಬೇಡ ಎಂದು ಬೇಡಿಕೊಂಡ ದೇವರೇ, ಬರಲಿ, ನೋವು ಬರಲಿ, ಪೂರ್ತಿ ಹತ್ತು ಬರಲಿ, ಕೈಬಿಡಬೇಡ, ಸಿಸ್ಟರ್ ನನ್ನ ಬೆರಳನ್ನು ಹಿಂಡುತ್ತಿದ್ದಾಳೆ, ಹತ್ತಿ ಬರುತ್ತಿದೆ, ಕಟ್ಟಿದ ಕಣ್ಣಿಗೂ ಕಂಡ ಹಾಗೆ, ತುದಿ ಹೊಸೆದ ಹತ್ತಿ, ಬಿಳೀ ಎಳೆ, ನೋವಾಗಲಿ, ಹತ್ತಿ ಬಂತು, ಕೆನ್ನೆಗೆ ಕೂದಲಿನಷ್ಟು ದೂರದಲ್ಲಿ, ಹತ್ತಿ —