ಕೆಳಗಿನ ಡಿಪೋದ ಮೊದಲ ಪ್ರಯಾಣಿಕ

ಆ ದಿನ ಬೆಳಿಗ್ಗೆ ಮಳೆ ಬರಲೂ ಇಲ್ಲ, ಬಿಡಲೂ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಗಾಳಿಯಲ್ಲೇ ತೂಗಾಡುತ್ತಿತ್ತು. ಕೈ ಚಾಚಿದರೆ ಏನೂ ತಾಗುತ್ತಿರಲಿಲ್ಲ, ತಲೆ ಮುಟ್ಟಿಕೊಂಡರೆ ಮಾತ್ರ ಕೂದಲೆಲ್ಲ ತೊಯ್ದಿರುತ್ತಿತ್ತು. ದೇವರು ಹೇಳಬೇಕಾದ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕೂತ ಹಾಗಿತ್ತು ಆಕಾಶ.

"ಏ, ಚಪ್ಪಲಿ ಬಿಟ್ಟು ಹತ್ರೇ, ಚಪ್ಪಲಿ ಬಿಟ್ಟು! ನಿಮ್ಮಪ್ಪನ ಬಸ್ಸಾ ಇದು?" ಮೇಸ್ತ್ರಿ ಛತ್ರಿಯ ಕೆಳಗಿನಿಂದ ಕೂಗಿದ.

"ನಮ್ಮಪ್ಪಂದಾಗಿದ್ರೆ ನಿನ್ನಂಥ ಬೇವಾರ್ಸೀನ ಒಳಗೇ ಬಿಡ್ತಿರ್ಲಿಲ್ಲ ಕಣೋ," ಎಂದಳು ದೊಡ್ಡಮ್ಮ, ತಲೆ ಎತ್ತದೆ ಚಿಂದಿ ಹಿಂಡುತ್ತ.

ನಾವು ಬಸ್ಸು ತೊಳೆಯುವ ಹೆಂಗಸರು, ಗುತ್ತಿಗೆಯವರು. ದೊಡ್ಡಮ್ಮ ನಮ್ಮೆಲ್ಲರಿಗಿಂತ ಹಿರಿಯಳು. ಸಂಬಂಧದಲ್ಲಿ ಅವಳು ಯಾರಿಗೂ ದೊಡ್ಡಮ್ಮನಲ್ಲ, ಹಾಗಾಗಿ ಎಲ್ಲರಿಗೂ ದೊಡ್ಡಮ್ಮ. ನಾವು ಬರಿಗಾಲಲ್ಲಿ ಹೊಸ ಬಸ್ಸು ಹತ್ತಿದೆವು. ಒಳಗೆ ಹೊಸ ಬಣ್ಣದ ವಾಸನೆ. ಸೀಟುಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿತ್ತು.

"ಕೂತ್ಕೊಂಡ್ ಒರೆಸ್ಬೇಡಿ, ನಿಂತು ಒರೆಸಿ. ಯಾರ ಕುಂಡೆಯಾದ್ರೂ ಸೀಟಿಗೆ ತಾಗ್ತೋ, ಇವತ್ತಿನ ಕೂಲಿ ಇಲ್ಲ."

"ನಿನ್ ಕಣ್ಣು ಅಲ್ಲೇ ಇರತ್ತೆ ಅಂತ ಗೊತ್ತು ಬಿಡು," ಎಂದಳು ದೊಡ್ಡಮ್ಮ. ನಾವು ಬಾಯಿ ಮುಚ್ಚಿಕೊಂಡು ನಕ್ಕೆವು. ಆ ಬೆಳಿಗ್ಗೆ ನಮಗೆ ಯಾವ ಬೈಗುಳವೂ ತಾಗುತ್ತಿರಲಿಲ್ಲ. ಹೊಸ ಬಸ್ಸು ನಮ್ಮ ಡಿಪೋಗೆ ಬಂದಿತ್ತು.

ನಮ್ಮ ನಗರದಲ್ಲಿ ಎರಡು ಡಿಪೋ. ಗುಡ್ಡದ ಮೇಲೊಂದು, ಅದರ ರಸ್ತೆಗಳಿಗೆ ಮರದ ನೆರಳು. ದೊಡ್ಡ ಚರಂಡಿಯ ಪಕ್ಕದ್ದು ನಮ್ಮದು. ಹೊಸ ಬಸ್ಸು ಯಾವಾಗ ಬಂದರೂ ಮೇಲಿನ ಡಿಪೋಗೇ ಹೋಗುತ್ತಿತ್ತು. ಅಲ್ಲಿ ಓಡಿ ಓಡಿ ಸೊಂಟ ಬಿದ್ದು, ಕೆಮ್ಮು ಹತ್ತಿ, ಬಾಗಿಲು ಮುಚ್ಚಲು ಹಗ್ಗ ಬೇಕಾದ ಕಾಲಕ್ಕೆ ನಮಗೆ ಬರುತ್ತಿತ್ತು, ಅಣ್ಣ ತೊಟ್ಟು ಬಿಟ್ಟ ಚಡ್ಡಿ ತಮ್ಮನಿಗೆ ಬಂದ ಹಾಗೆ. ಅಂಥದೇ ಒಂದು ಬಸ್ಸಿನ ಅಡಿಯಲ್ಲಿ ನನ್ನ ಗಂಡ ಮಲಗಿ ಕೆಲಸ ಮಾಡುತ್ತಿದ್ದಾಗ ಜಾಕು ಜಾರಿತು. ಅವನು ಮೆಕ್ಯಾನಿಕ್. ಸೊಂಟದಲ್ಲಿ ಸದಾ ನಟ್ಟು ಬಿಚ್ಚುವ ಒಂದು ಪಾನಾ ಸಿಕ್ಕಿಸಿಕೊಂಡಿರುತ್ತಿದ್ದರಿಂದ ಎಲ್ಲರೂ ಪಾನಾ ಎಂದೇ ಕರೆಯುವುದು. ಸೊಂಟದಿಂದ ಕೆಳಗೆ ಅವನಿಗೆ ಈಗ ಏನೂ ತಿಳಿಯುವುದಿಲ್ಲ. ಜೀವ ಉಳಿಸಿದವನಿಗೆ ದಿನಾ ಕೈ ಮುಗಿಯುತ್ತೇನೆ. ಕಾಲು ಯಾಕೆ ಉಳಿಸಲಿಲ್ಲ ಎಂದು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು.

ವರ್ಕ್‌ಶಾಪಿನಲ್ಲಿ ಕೂತು ಮಾಡುವ ಕೆಲಸವೊಂದು ಅವನಿಗಾಗಿ ಕಾಯುತ್ತಿತ್ತು. ಹಳೆಯ ಪಂಪುಗಳನ್ನು ಬಿಚ್ಚಿ ಜೋಡಿಸುವ ಕೆಲಸ. "ಯಾರೂ ಎತ್ಕೊಂಡು ಬರಬಾರ್ದು, ಹೊತ್ಕೊಂಡು ಹೋಗಬಾರ್ದು. ನೀನೇ ಬಂದು ನೀನೇ ಹೋಗೋ ಹಾಗಿದ್ರೆ ಸೋಮವಾರದಿಂದ ಬಾ. ಇಲ್ಲ ಅಂದ್ರೆ ಬೇರೆಯೋರಿಗೆ ಕೊಡ್ತೀವಿ," ಎಂದಿದ್ದರು ಅಲ್ಲಿಯವರು. ವರ್ಕ್‌ಶಾಪು ಊರಿನ ಆ ತುದಿಯಲ್ಲಿ. ಹಳೆಯ ಬಸ್ಸಿನ ಮೆಟ್ಟಿಲು ಗೋಡೆಯ ಹಾಗೆ ಕಡಿದು. ಆಸ್ಪತ್ರೆಗೆ ಹೋಗುವಾಗ ನಾನೇ ಅವನನ್ನು ಬೆನ್ನ ಮೇಲೆ ಹೊತ್ತು ಹತ್ತಿಸುತ್ತಿದ್ದೆ. "ಬೇಗ ಬೇಗ, ಟೈಮಾಯ್ತು" ಎಂದು ಕಂಡಕ್ಟರು ಸೀಟಿ ಊದುತ್ತಿದ್ದ. ಈ ಹೊಸ ಬಸ್ಸಿಗೆ ಮೆಟ್ಟಿಲೇ ಇಲ್ಲ. ನೆಲಕ್ಕೆ ನೆಲ ಕೂಡುತ್ತದೆ, ಬಾಗಿಲಿನಿಂದ ಒಂದು ಹಲಗೆ ಮಡಚಿ ಬಿಚ್ಚುತ್ತದೆ, ಗಾಲಿಕುರ್ಚಿ ಉರುಳಿಸಿಕೊಂಡು ಒಬ್ಬನೇ ಹತ್ತಬಹುದು. ಸೋಮವಾರಕ್ಕೆ ಇನ್ನು ಮೂರು ದಿನವಿತ್ತು.

ಡಿಪೋ ಮೇನೇಜರ್ ತಾನಾಗಿ ನಮ್ಮ ಮನೆಗೆ ಬಂದು ನನ್ನ ಗಂಡನಿಗೆ ಹೇಳಿದ್ದ. ಬಾಗಿಲಲ್ಲಿ ನಿಂತೇ ಮಾತಾಡಿದ, ಒಳಗೆ ಬಾ ಎಂದರೂ ಬರಲಿಲ್ಲ. "ಈ ಬಸ್ಸಿನ ದುಡ್ಡು ನಿಮ್ಮ ಕೆಳಗಿನ ಕೇರಿಗಳ ಹೆಸರಲ್ಲೇ ಬಂದಿರೋದು. ಉದ್ಘಾಟನೆಗೆ ನಿಗಮದ ಅಧ್ಯಕ್ಷರು ಬರ್ತಾರೆ. ಮೊದಲನೇ ಪ್ಯಾಸೆಂಜರ್ ನೀನೇ. ಶೇವ್ ಮಾಡ್ಕೊಂಡು ರೆಡಿಯಾಗಿರು." ಆಮೇಲೆ ಅವನ ಗಾಲಿಕುರ್ಚಿಯ ಕಡೆ ನೋಡಿದ. ಹಳೆಯ ಆಫೀಸು ಕುರ್ಚಿಗೆ ಮಕ್ಕಳ ಸೈಕಲ್ಲಿನ ಚಕ್ರ ಬೆಸೆದು ಪಾನಾ ತಾನೇ ಮಾಡಿಕೊಂಡದ್ದು. "ಥೂ, ಇದು ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ. ಆಫೀಸಿಂದ ಒಂದು ಒಳ್ಳೇದು ಕಳಿಸ್ತೀನಿ. ಮುಗಿದ ಮೇಲೆ ವಾಪಸ್ ಕೊಡ್ಬೇಕು ಮತ್ತೆ."

ಅವತ್ತು ನಸುಕಿನಲ್ಲೇ ನಾನು ನನ್ನ ಗಂಡನಿಗೆ ಸ್ನಾನ ಮಾಡಿಸಿದೆ. ಹಳೆಯ ಖಾಕಿ ಅಂಗಿ ಇಸ್ತ್ರಿ ಮಾಡಿ ಹಾಕಿದೆ. ಮೇನೇಜರ್ ಸಾಹೇಬರು ಕಳಿಸಿದ ಕುರ್ಚಿ ಕನ್ನಡಿಯ ಹಾಗೆ ಮಿಂಚುತ್ತಿತ್ತು.

"ಏನೇ, ಮದುವೆ ಗಂಡಿನ ಹಾಗೆ ಕಾಣ್ತೀನಾ?" ಎಂದ.

"ಕಾಣ್ತೀರಿ. ಹೆಣ್ಣು ಮಾತ್ರ ಬಕೆಟ್ ಹಿಡ್ಕೊಂಡು ನಿಂತಿದಾಳೆ," ಎಂದೆ.

ನಾವು ಒರೆಸಿ ಮುಗಿಸುವ ಹೊತ್ತಿಗೆ ಅಧ್ಯಕ್ಷರು ಬಂದರು. ನನ್ನ ಗಂಡ ಆ ಕುರ್ಚಿಯಲ್ಲಿ ಬಸ್ಸಿನ ಬಾಗಿಲ ಮುಂದೆ ಕಾಯುತ್ತಿದ್ದ. ಅವರ ಬೂಟಿಗೆ ಕೆಸರಾಗಬಾರದೆಂದು ಚಾಪೆ ಹಾಸಿದ್ದರು. ರಿಬ್ಬನ್ ಕತ್ತರಿಸಿದರು. ಹಲಗೆ ಬಿಚ್ಚಿಕೊಂಡಿತು. ನನ್ನ ಗಂಡ ಎರಡೂ ಕೈಯಲ್ಲಿ ಚಕ್ರ ತಳ್ಳಿಕೊಂಡು, ಯಾರೂ ಮುಟ್ಟದೆ, ತಾನೇ ಒಳಗೆ ಹೋದ. ಚಪ್ಪಾಳೆ ಬಿತ್ತು. ಅವನ ಕತ್ತಿನ ನರ ಉಬ್ಬಿದ್ದು ನಾನು ಕಂಡೆ. ಅಷ್ಟು ದಿನದ ಮೇಲೆ ಒಂದು ಕಡೆಗೆ ಅವನು ತಾನಾಗಿ ಹೋದದ್ದು.

"ಒಂದ್ನಿಮಿಷ," ಎಂದರು ಅಧ್ಯಕ್ಷರು. "ಆ ಹೊದಿಕೆ ತೆಗೀರಿ. ಕಾಲು ಕಾಣ್ಲಿ."

ಮೊಣಕಾಲ ಮೇಲೆ ನಾನು ಹೊದಿಸಿದ್ದ ಬಟ್ಟೆಯನ್ನು ಮೇಸ್ತ್ರಿ ಎಳೆದ. ಒಣಗಿದ ಕಡ್ಡಿಯಂಥ ಕಾಲುಗಳು ಪ್ಯಾಂಟಿನೊಳಗೆ ಒಂದರ ಮೇಲೊಂದು ಬಿದ್ದಿದ್ದವು.

"ಹಾಂ, ಈಗ ಸರಿ. ಮುಖ ಈ ಕಡೆ ತಿರುಗಿಸ್ರೀ ಅವನ್ದು. ನಗು ಅಂತ ಹೇಳಿ."

ಫೋಟೋದವನು ಗದ್ದ ಹಿಡಿದು ತಿರುಗಿಸಿದ, ಅಂಗಡಿಯಲ್ಲಿ ಹಣ್ಣು ತಿರುಗಿಸಿ ನೋಡುವ ಹಾಗೆ. "ನಗಪ್ಪಾ, ನಗು. ಹೊಸ ಬಸ್ಸು ಸಿಕ್ಕಿಲ್ವಾ?"

ಅವನು ನಕ್ಕ. ನನಗೋಸ್ಕರ ನಕ್ಕ, ಸೋಮವಾರಕ್ಕೋಸ್ಕರ ನಕ್ಕ.

ಕಾರುಗಳು ಹೋದವು. ಚಾಪೆ ಸುತ್ತಿದರು. ಮೊದಲ ಟ್ರಿಪ್ಪಿಗೆ ಬಸ್ಸು ಸಿದ್ಧವಾಗಲಿ ಎಂದು ನಾನು ಮುಂದಿನ ಸೀಟಿನ ಪ್ಲಾಸ್ಟಿಕ್ಕಿನ ಅಂಚಿಗೆ ಕೈ ಹಾಕಿದೆ.

"ಏಯ್! ಮುಟ್ಬೇಡ ಅದನ್ನ!" ಮೇಸ್ತ್ರಿ ಹಾವು ತುಳಿದವನ ಹಾಗೆ ಹಾರಿದ. "ಅದೆಲ್ಲ ಅಲ್ಲಿಗೆ ಹೋದ್ಮೇಲೆ ತೆಗೀತಾರೆ."

"ಅಲ್ಲಿಗೆ ಅಂದ್ರೆ ಎಲ್ಲಿಗೆ?"

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. ಬಸ್ಸಿನೊಳಗೆ ಚಿಂದಿಗಳೆಲ್ಲ ಒಮ್ಮೆಗೇ ನಿಂತವು.

"ಎಲ್ಲಿಗೋ?" ಎಂದಳು ದೊಡ್ಡಮ್ಮ.

"ನನ್ನೇನ್ ಕೇಳ್ತೀಯಾ? ಮೇನೇಜರ್‌ನ ಕೇಳು."

ಮೇನೇಜರ್ ಕೆಳಗೇ ನಿಂತಿದ್ದ. ಸಿಗರೇಟು ಆರಿಸಿ ಹತ್ತಿರ ಬಂದ. "ಏನ್ ಗಲಾಟೆ? ಬಸ್ಸು ನಿಮ್ಮ ಡಿಪೋದ್ದೇ. ಕಾಗದದಲ್ಲೆಲ್ಲ ನಿಮ್ಮ ಹೆಸರೇ ಇದೆ. ಓಡಿಸೋಕೆ ಮಾತ್ರ ಸ್ವಲ್ಪ ದಿನ ಮೇಲಿನ ಡಿಪೋಗೆ ಕೊಡ್ತಾ ಇದೀವಿ. ನಿಮ್ಮ ರಸ್ತೆ ನೋಡಿದೀರಾ? ಬರೀ ಗುಂಡಿ. ಇಂಥ ಗಾಡಿ ತಡ್ಕೊಳತ್ತಾ? ನಿಮ್ಮ ಜನ ಸೀಟು ಹರೀತಾರೆ, ಉಗೀತಾರೆ. ರಸ್ತೆ ಸರಿಯಾಗ್ಲಿ, ಆಮೇಲೆ ನೋಡೋಣ. ಬದಲಿಗೆ ಅಲ್ಲಿಂದ ಬಸ್ಸು ಬರ್ತಾ ಇದೆಯಲ್ಲ."

"ಯಾವುದು, ಹಳೇದಾ?"

"ಓಡತ್ತೆ ತಾನೇ?"

ದೊಡ್ಡಮ್ಮ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಅವಳಿಗೆ ಸಿಟ್ಟು ನೆತ್ತಿಗೇರಿದಾಗ ಕಥೆ ಬರುತ್ತದೆ.

"ಒಂದೂರಲ್ಲಿ ಒಬ್ಬ ರಾಜ ಇದ್ನಂತೆ. ಬಡವಿ ಒಬ್ಳಿಗೆ ಆನೆ ದಾನ ಮಾಡ್ದ. ಊರೆಲ್ಲ ಡಂಗುರ. ಆನೆ ಅವಳ ಬಾಗ್ಲಲ್ಲಿ ಒಂದ್ ಗಳಿಗೆ ನಿಂತು, ಸೊಂಡಿಲೆತ್ತಿ, ವಾಪಸ್ ಅರಮನೆಗೆ ಹೋಯ್ತು. 'ಮಹಾಪ್ರಭು, ನನ್ ಆನೆ ಎಲ್ಲಿ?' ಅಂತ ಕೇಳಿದ್ಲು. 'ನಿಂದೇ ಕಣಮ್ಮ ಅದು. ನಿನ್ ಗುಡಿಸ್ಲಲ್ಲಿ ಹಿಡಿಸಲ್ಲ ಅಂತ ನಮ್ ಹತ್ರ ಇಟ್ಕೊಂಡಿದೀವಿ' ಅಂದ್ನಂತೆ. ಬಡವಿಗೆ ಉಳಿದಿದ್ದು ಬಾಗಿಲ ಮುಂದಿನ ಲದ್ದಿ."

"ಆಮೇಲೆ?" ಎಂದಳು ನಮ್ಮಲ್ಲೊಬ್ಬಳು, ಅಭ್ಯಾಸಬಲದಿಂದ.

"ಆಮೇಲೇನು, ಬಾಚಿದ್ಲು. ನಾವು ಬಾಚ್ತಿಲ್ವಾ?"

"ಈ ಸಲ ನಾನು ಬಾಚಲ್ಲ ದೊಡ್ಡಮ್ಮ."

ಬಸ್ಸಿನ ನಡುವಿನಿಂದ ಬಂದ ಮಾತು ಅದು. ಎಲ್ಲರೂ ನನ್ನ ಗಂಡನನ್ನು ಮರೆತೇಬಿಟ್ಟಿದ್ದರು. ಗಾಲಿಕುರ್ಚಿಯ ಜಾಗದಲ್ಲಿ ಅವನು ಕಿಟಕಿಗೆ ಮುಖ ಮಾಡಿ ಕೂತಿದ್ದ. ಚಕ್ರದ ಬ್ರೇಕು ಎಳೆದದ್ದು ನನಗೆ ಕೇಳಿಸಿತು.

"ಪಾನಾ, ಇಳಿಯಪ್ಪ. ನಿಂದು ಮುಗೀತು," ಎಂದ ಮೇನೇಜರ್.

"ನಾನು ಪ್ಯಾಸೆಂಜರ್ ಸಾರ್. ಮೊದಲನೇ ಪ್ಯಾಸೆಂಜರ್, ನೀವೇ ಹೇಳಿದ್ದು. ವರ್ಕ್‌ಶಾಪ್ ಸ್ಟಾಪಿಗೆ ಒಂದು ಟಿಕೆಟ್ ಕೊಡ್ಸಿ."

"ತಮಾಷೆ ಮಾಡ್ಬೇಡ."

"ಆಗ ಹೊದಿಕೆ ಎಳೆದು ಕಾಲು ತೋರ್ಸಿದ್ರಲ್ಲ, ಅದು ತಮಾಷೆ. ಇದಲ್ಲ."

ಸ್ಟಿಯರಿಂಗ್ ಮುಂದೆ ಗೇರ್ ತಾತ ಕೂತಿದ್ದ. ನಮ್ಮ ಡಿಪೋದ ಎಲ್ಲರಿಗಿಂತ ಹಳೆಯ ಡ್ರೈವರು. ಮೇನೇಜರ್ ಅವನ ಕಡೆ ತಿರುಗಿದ. "ಏನ್ ನೋಡ್ತಾ ಕೂತಿದೀಯಾ? ಇಳಿಸು ಅವನ್ನ."

"ಪ್ಯಾಸೆಂಜರ್ ಇಳಿಸೋದು ಕಂಡಕ್ಟರ್ ಕೆಲಸ ಸಾರ್. ನಂದು ಓಡ್ಸೋದು."

"ಹಾಗಾದ್ರೆ ಓಡ್ಸು, ಮೇಲಿನ ಡಿಪೋಗೆ."

ತಾತ ಕನ್ನಡಿಯಲ್ಲಿ ನನ್ನ ಗಂಡನ ಮುಖ ನೋಡಿದ. ಎಂಜಿನ್ ಆರಿಸಿದ. "ಪ್ಯಾಸೆಂಜರ್ ಆ ಕಡೆಗೆ ಬರಲ್ಲ ಅಂತಾನಲ್ಲ ಸಾರ್," ಎಂದು ಕೈ ಕಟ್ಟಿಕೊಂಡ.

ಮೇನೇಜರ್ ಮುಖ ಕೆಂಪಾಯಿತು. ಗೇಟಿನಿಂದ ಇಬ್ಬರು ಗಾರ್ಡುಗಳನ್ನು ಕರೆದ. ನನ್ನ ಕಡೆ ಬೆರಳು ತೋರಿಸಿ, "ನಿನ್ನ ಗಂಡಂಗೆ ಬುದ್ಧಿ ಹೇಳು. ಇಲ್ಲಾಂದ್ರೆ ನಾಳೆಯಿಂದ ನೀನೂ ಬಕೆಟ್ ಹಿಡಿಯೋ ಹಾಗಿಲ್ಲ. ಇಬ್ರೂ ಮನೇಲಿ ಕೂತ್ಕೊಂಡು ಮಣ್ಣು ತಿನ್ನಿ," ಎಂದ.

ಮನೆ ನಡೆಯುತ್ತಿದ್ದದ್ದು ಆ ಬಕೆಟ್ಟಿನಿಂದಲೇ. ಗಾರ್ಡುಗಳು ಹಲಗೆ ಹತ್ತಿ ಬಂದು ಕುರ್ಚಿಯ ಹಿಡಿಕೆ ಹಿಡಿದರು. ಬ್ರೇಕು ಹಾಕಿದ ಚಕ್ರ ಉರುಳಲಿಲ್ಲ, ಹಿಂದಕ್ಕೆ ವಾಲಿಸಿ ಎಳೆಯತೊಡಗಿದರು. ಅವನು ಕಂಬ ಹಿಡಿದುಕೊಂಡ. ಬೆರಳುಗಳು ಬೆಳ್ಳಗಾದವು.

"ಬಿಡೋ ಪಾನಾ, ನಮ್ ಹೊಟ್ಟೆ ಮೇಲೆ ಯಾಕೆ ಹೊಡೀತೀಯಾ," ಎಂದ ಒಬ್ಬ ಗಾರ್ಡು, ಹೆಚ್ಚುಕಡಿಮೆ ಬೇಡಿಕೊಳ್ಳುವ ಹಾಗೆ.

"ನೀನು ಎಳೀತಿರೋದು ಸಾಹೇಬರ ಕುರ್ಚಿ ಕಣಪ್ಪ. ತಗೊಂಡು ಹೋಗು. ನನ್ನ ಬಿಡು." ಅವನು ನನ್ನ ಕಡೆ ನೋಡಿದ. "ಏ, ಇಲ್ಲಿ ಬಾ. ನನ್ನ ಎತ್ತೇ."

ನನಗೆ ಅರ್ಥವಾಯಿತು. ಎತ್ತಿ ಸೀಟಿನ ಮೇಲೆ ಕೂರಿಸಿದರೆ ಅವನಿಗೆ ಆ ಬಸ್ಸಿನಿಂದ ಇಳಿಯಲು ದಾರಿಯೇ ಇಲ್ಲ. ಅವನ ಚಕ್ರ ಮನೆಯಲ್ಲಿದೆ. ಕೈ ಕಾಲು ಹಿಡಿದು ಎತ್ತಿ ಹೊರಗೆ ಎಸೆಯುವವರೆಗೆ ಅವನು ಅಲ್ಲೇ.

"ರೀ," ಎಂದೆ.

"ಸೋಮವಾರ ಹೋಗೇ ಹೋಯ್ತು ಕಣೇ. ಎತ್ತು."

ಮೇಲಿರುವವನನ್ನು ಒಮ್ಮೆ ನೆನೆದೆ. ಏನು ಕೇಳಿಕೊಂಡೆನೋ ನನಗೇ ಗೊತ್ತಿಲ್ಲ. ದಿನಾ ಹಾಸಿಗೆಯಿಂದ ಎತ್ತುವ ಹಾಗೆಯೇ ಕಂಕುಳಿಗೆ ಕೈ ಕೊಟ್ಟೆ. ಅವನ ಉಸಿರು ನನ್ನ ಕಿವಿಯಲ್ಲಿ. ಗಾರ್ಡುಗಳು ಹಿಂದೆ ಸರಿದರು. ಕುರ್ಚಿ ಎಳೆಯಲು ಬರುತ್ತಿದ್ದ ಕೈಗಳು ಮೈ ಮುಟ್ಟಲು ಬರಲಿಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಅವನನ್ನು ಕೂರಿಸಿದೆ. ಕೂತವನೇ ಬೆನ್ನ ಹಿಂದೆ ಕೈ ಹಾಕಿ ಪ್ಲಾಸ್ಟಿಕ್ಕನ್ನು ಪರ್ರನೆ ಹರಿದ.

ದೊಡ್ಡಮ್ಮ ಬಕೆಟ್ಟಿನಿಂದ ಎದ್ದಳು. ಒದ್ದೆ ಬಟ್ಟೆಯಲ್ಲೇ ಬಂದು ಅವನ ಪಕ್ಕದ ಸೀಟಿನ ಪ್ಲಾಸ್ಟಿಕ್ ಕಿತ್ತು ಕೂತಳು. "ಅಬ್ಬ, ಏನ್ ಮೆತ್ತಗಿದೆಯೋ ಮಾರಾಯ," ಎಂದಳು. ಅವಳ ಹಿಂದೆ ಇನ್ನೊಬ್ಬಳು. ಮತ್ತೊಬ್ಬಳು. ಹರಿಯುವ ಸದ್ದು ಬಸ್ಸಿನ ಉದ್ದಕ್ಕೂ ಹೋಯಿತು.

"ಪೊಲೀಸ್‌ಗೆ ಫೋನ್ ಮಾಡ್ರೋ! ಒಬ್ಬೊಬ್ಬರದ್ದೂ ಹೆಸರು ಬರ್ಕೊಳ್ಳಿ! ಬೋಳಿಮಕ್ಕಳು, ಅನ್ನ ಹಾಕಿದ ಕೈ ಕಚ್ತೀರಾ?" ಮೇನೇಜರ್ ಕೂಗುತ್ತಿದ್ದ. ಮೇಸ್ತ್ರಿ ಎಲ್ಲಿ ಮಾಯವಾದನೋ ಕಾಣಲಿಲ್ಲ.

ನಡುವೆ ಖಾಲಿ ಗಾಲಿಕುರ್ಚಿ ನಿಂತಿತ್ತು. ಗಾರ್ಡುಗಳು ಅದನ್ನು ಬಿಟ್ಟು ಬಾಗಿಲ ಹತ್ತಿರ ಹೋಗಿದ್ದರು. ನಾನು ಅದರ ಬ್ರೇಕು ಬಿಟ್ಟೆ. ಒಣ ಚಿಂದಿಯಿಂದ ಸೀಟು ಒರೆಸಿದೆ, ಹಿಡಿಕೆ ಒರೆಸಿದೆ, ಎರಡೂ ಚಕ್ರ ಒರೆಸಿದೆ. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಹಲಗೆಯ ಮೇಲೆ ಮೆಲ್ಲಗೆ ಇಳಿಸಿಕೊಂಡು ಹೋಗಿ ಮೇನೇಜರ್ ಮುಂದೆ ನಿಲ್ಲಿಸಿದೆ. ಅವನ ಬಾಯಿ ಅರ್ಧ ತೆರೆದೇ ಇತ್ತು.

"ತಗೊಳ್ಳಿ ಸಾರ್," ಎಂದೆ. "ಇದು ನಿಮ್ದು."

ಹಿಡಿಕೆಯನ್ನು ಅವನ ಕೈಗೆ ಕೊಟ್ಟೆ. ಅವನು ಹಿಡಿದುಕೊಂಡ. ನಾನು ತಿರುಗಿ ಹಲಗೆ ಹತ್ತಿದೆ.