ಒಂದು ಗೆರೆಯಷ್ಟು ಇಳಿದ ಸೂಜಿ

ಎ.ಸಿ. ಕೆಲಸ ಕಲಿತು ವರ್ಷವೂ ತುಂಬದ ನಾನು ಅದರ ಬಗ್ಗೆ ಬರೆಯಲು ಕೂತಿರುವುದು ಅಧಿಕಪ್ರಸಂಗವೆಂದು ನನಗೇ ಅನ್ನಿಸುತ್ತಿದೆ. ಈ ಕಸುಬಿನಲ್ಲಿ ತಲೆ ನರೆತವರಿದ್ದಾರೆ, ಅವರು ಓದಿದರೆ ನಗಬಹುದು. ನಾನು ಕಲಿತದ್ದೆಲ್ಲ ಸಂಜೆ ತರಗತಿಯಲ್ಲಿ, ಹಗಲೆಲ್ಲ ನಿಂತು ಸೋತ ಕಾಲುಗಳ ಮೇಲೆ. ಎಲ್ಲಾದರೂ ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ. ನಡೆದದ್ದನ್ನು ನಡೆದ ಹಾಗೆ ಹೇಳಲು ನೋಡುತ್ತೇನೆ. ಆಗ ಅಳು ಬಂತೇ, ಸಿಟ್ಟು ಬಂತೇ ಎಂದು ಕೇಳಿದರೆ, ಹೆಚ್ಚಾಗಿ ಏನೂ ಬರಲಿಲ್ಲ.

ಹಗಲು ನನಗೆ ಲಾಂಡ್ರಿಯಲ್ಲಿ ಕೆಲಸವಿತ್ತು. ಹೋಟೆಲುಗಳಿಂದ ಬರುವ ಹಾಸಿಗೆ ಬಟ್ಟೆಗಳನ್ನು ದೊಡ್ಡ ಇಸ್ತ್ರಿ ಯಂತ್ರದ ಬಾಯಿಗೆ ಕೊಡುವುದು. ಎದುರು ನಿಂತವಳು ಒಂದು ಅಂಚು ಹಿಡಿಯಬೇಕು, ನಾನು ಇನ್ನೊಂದು. ಯಂತ್ರದ ವೇಗಕ್ಕೆ ಕೈ ಹೊಂದದಿದ್ದರೆ ಬಟ್ಟೆ ಸೊಟ್ಟಗೆ ಹೋಗುತ್ತದೆ, ಇಲ್ಲವೇ ಬೆರಳು ಸುಡುತ್ತದೆ. ಆ ಆವಿಯಲ್ಲಿ ಎಂಟು ವರ್ಷ ಬೆಂದೆ. ಬಲಗೈ ಮಣಿಕಟ್ಟು ಬೆಳಿಗ್ಗೆ ಮಡಚಲು ಬಾರದ ಹಾಗಾದಾಗ ಬೇರೆ ಕೆಲಸದ ಯೋಚನೆ ಬಂತು.

ತರಬೇತಿ ಶಾಲೆಯ ಮೆಟ್ಟಿಲ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ. ನೀಲಿ ಅಂಗಿ ತೊಟ್ಟವನೊಬ್ಬ ಕೈಯಲ್ಲಿ ಸ್ಪ್ಯಾನರ್ ಹಿಡಿದು ನಗುತ್ತಿದ್ದ. ಕೆಳಗೆ ಸಂಬಳದ ಮೊತ್ತ. ಅದು ನನ್ನ ಲಾಂಡ್ರಿಯ ಎರಡು ತಿಂಗಳ ಸಂಬಳಕ್ಕೆ ಸಮ. ಮೊದಲ ದಿನವೇ ನಮ್ಮ ಮೇಷ್ಟ್ರು ಅದರ ಗಾಳಿ ತೆಗೆದರು.

“ಗೋಡೆ ಮೇಲಿರೋದನ್ನ ಗೋಡೆ ಮೇಲೇ ಬಿಟ್ಟು ಒಳಗೆ ಬನ್ನಿ. ಆ ಸಂಬಳ ಹತ್ತು ವರ್ಷ ಕೆಲಸ ಮಾಡಿದವರಿಗೆ. ಹೊಸಬರಿಗೆ ಎರಡೇ ದಾರಿ. ಕಂಪನಿ ಪರೀಕ್ಷೆ ಪಾಸಾದ್ರೆ ಟೆಕ್ನಿಷಿಯನ್. ಆಗದಿದ್ರೆ ಹೆಲ್ಪರ್. ಹೆಲ್ಪರ್ ಅಂದ್ರೆ ಏಣಿ ಹಿಡಿಯೋದು.”

“ಏಣಿ ಹಿಡಿಯೋಕೂ ಸರ್ಟಿಫಿಕೇಟ್ ಬೇಕಾ ಸಾರ್?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಅವನು ತುಂಬ ಎತ್ತರ. ಎಲ್ಲರೂ ಅವನನ್ನು ಲಂಬು ಎನ್ನುತ್ತಿದ್ದರು.

“ನಿನಗೆ ಏಣಿಯೇ ಬೇಡ, ಸುಮ್ನೆ ನಿಂತ್ಕೊಂಡ್ರೆ ಸಾಕು,” ಎಂದರು ಮೇಷ್ಟ್ರು.

ನಾನು ನಗಲಿಲ್ಲ. ಆ ಹೊತ್ತಿಗೆ ಪಕ್ಕದವರನ್ನು ಕೇಳಿ ಲೆಕ್ಕ ಹಾಕಿಯಾಗಿತ್ತು. ಟೆಕ್ನಿಷಿಯನ್ ಆದರೆ ಲಾಂಡ್ರಿಗಿಂತ ಮೂರನೇ ಒಂದು ಪಾಲು ಹೆಚ್ಚು. ಹೆಲ್ಪರ್ ಆದರೆ ಲಾಂಡ್ರಿಗಿಂತ ಕಡಿಮೆ. ಅಂದರೆ ಪಾಸಾಗದಿದ್ದರೆ ಕಲಿತು ಕೆಳಗಿಳಿದಂತೆ.

ಮನೆಯಲ್ಲಿ ನಮ್ಮವರು ಸರಕಿನ ವ್ಯಾನು ಓಡಿಸುತ್ತಾರೆ, ಹೊತ್ತುಗೊತ್ತಿಲ್ಲ. ನಾನು ತರಗತಿಗೆ ಹೋಗಲು ಆದದ್ದು ಅತ್ತೆಯಿಂದ. ಸಂಜೆ ಮಗಳಿಗೆ ಊಟ ಹಾಕಿ, ಓದಿಸಿ, ನಾನು ಬರುವವರೆಗೆ ಬಾಗಿಲ ಬಳಿ ಕೂತಿರುತ್ತಿದ್ದರು. ನಾನು ಒಳಗೆ ಬಂದರೆ ಸಾಕು, ಶುರು.

“ಬಂದ್ಲಪ್ಪ ಇಂಜಿನಿಯರಮ್ಮ. ಮೊದಲು ನಿನ್ನ ತಲೆ ತಣ್ಣಗೆ ಮಾಡ್ಕೋ, ಆಮೇಲೆ ಊರಿನವರ ಮನೆ ತಣ್ಣಗೆ ಮಾಡುವಿಯಂತೆ.”

ಕಂಪನಿಯವರು ಎಷ್ಟು ಸಂಬಳ ನಿರೀಕ್ಷಿಸುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ, ತಡವರಿಸದೆ ಹೇಳಬೇಕು ಎಂದು ಮೇಷ್ಟ್ರು ಹೇಳಿದ್ದರು. ಅದನ್ನು ಅತ್ತೆ ನನಗೆ ಅಭ್ಯಾಸ ಮಾಡಿಸಿದರು. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, “ಹೇಳಮ್ಮಾ, ಎಷ್ಟು ಬೇಕು?” ಎನ್ನುತ್ತಿದ್ದರು. ನಾನು ಟೆಕ್ನಿಷಿಯನ್ ಮೊತ್ತ ಹೇಳುತ್ತಿದ್ದೆ.

“ಏನಂದೆ? ಕೇಳಿಸ್ಲಿಲ್ಲ. ನೆಲಕ್ಕೆ ಹೇಳ್ತಿದ್ದೀಯೋ ನನಗೆ ಹೇಳ್ತಿದ್ದೀಯೋ?”

ಮತ್ತೆ ಹೇಳುತ್ತಿದ್ದೆ. ಮಗಳು ಗೋಡೆಗೊರಗಿ ನಗುತ್ತಿದ್ದಳು.

ಪರೀಕ್ಷೆಗೆ ಮುಂಚೆ ನಾನೊಂದು ಕೆಲಸ ಮಾಡಿದೆ. ಲಾಂಡ್ರಿಯಲ್ಲಿ ಕೆಲಸ ಬಿಡುವವರು ಒಂದು ತಿಂಗಳು ಮೊದಲೇ ಹೇಳಬೇಕೆಂಬ ನಿಯಮವಿದೆ. ಯಾರೂ ಪಾಲಿಸುವುದಿಲ್ಲ. ಸಂಬಳ ತೆಗೆದುಕೊಂಡ ಮರುದಿನ ಬರುವುದಿಲ್ಲ, ಅಷ್ಟೇ. ನನಗೆ ಮನಸ್ಸು ಒಪ್ಪಲಿಲ್ಲ, ಹೋಗಿ ಹೇಳಿದೆ. ಮೇಲ್ವಿಚಾರಕಿ ಒಳ್ಳೆಯದಾಗಲಿ ಎಂದು ಹರಸಿ, ಆ ವಾರವೇ ನನ್ನ ಜಾಗಕ್ಕೆ ಹೊಸಬಳನ್ನು ಕರೆತಂದು ಕಲಿಸಲು ನನ್ನ ಪಕ್ಕದಲ್ಲೇ ನಿಲ್ಲಿಸಿದಳು. ಅವಳ ಕೈ ನನ್ನದಕ್ಕಿಂತ ಚುರುಕು.

ಪರೀಕ್ಷೆ ಎರಡು ದಿನದ್ದು. ತಾಮ್ರದ ಪೈಪುಗಳನ್ನು ಬೆಂಕಿಯಲ್ಲಿ ಕಾಯಿಸಿ, ಬೆಸುಗೆ ಕಡ್ಡಿ ಕರಗಿಸಿ ಒಂದಕ್ಕೊಂದು ಕೂಡಿಸಬೇಕು. ಆಮೇಲೆ ಒಳಗೆ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿ, ಪೈಪಿನ ಬಾಯಿ ಮುಚ್ಚಿ, ಒತ್ತಡ ತೋರಿಸುವ ಗೇಜಿನ ಸೂಜಿ ಎಲ್ಲಿ ನಿಂತಿದೆಯೋ ಅಲ್ಲಿ ಗಾಜಿನ ಮೇಲೆ ಮಾರ್ಕರಿನಿಂದ ಗುರುತು ಹಾಕಿ ಬಿಟ್ಟು ಹೋಗುವುದು. ಮರುದಿನ ಕಂಪನಿಯ ಸೂಪರ್‌ವೈಸರ್ ಬಂದು ನೋಡುತ್ತಾರೆ. ಸೂಜಿ ನಿಂತಿದ್ದರೆ ಜಾಯಿಂಟು ಗಟ್ಟಿ. ಬಿದ್ದಿದ್ದರೆ ಎಲ್ಲೋ ಸೋರುತ್ತಿದೆ.

ನಾವು ಬೆಸುಗೆ ಹಾಕಿದ್ದು ತಗಡಿನ ಚಾವಣಿಯ ಶೆಡ್ಡಿನಲ್ಲಿ, ಮಧ್ಯಾಹ್ನ. ಎಲ್ಲರ ಬೆಂಕಿಯೂ ಒಟ್ಟಿಗೆ ಉರಿಯುತ್ತಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ಆದರೆ ನನಗೆ ಕಾವು ಹೊಸದಲ್ಲ. ಕಡ್ಡಿ ಕರಗಿ ಪೈಪಿನ ಸುತ್ತ ಉಂಗುರದಂತೆ ಹರಿಯಿತು. ಮೇಷ್ಟ್ರು ಬಗ್ಗಿ ನೋಡಿ, “ಇಸ್ತ್ರಿ ಹೊಡೆದ ಹಾಗಿದೆ,” ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಹೆಚ್ಚು.

ಮರುದಿನ ಎಲ್ಲರಿಗಿಂತ ಮೊದಲು ಹೋದೆ. ಹೊರಗೆ ಇರಲಾಗಲಿಲ್ಲ. ಕಾವಲುಗಾರ ಶೆಡ್ಡಿನ ಬಾಗಿಲು ತೆಗೆದು, “ಏನಮ್ಮಾ, ಇಲ್ಲೇ ಮಲಗಿದ್ರೆ ಆಗ್ತಿತ್ತಲ್ಲ,” ಎಂದ. ಒಳಗೆ ತಂಪಾಗಿತ್ತು. ತೋಳು ಉಜ್ಜಿಕೊಂಡದ್ದು ನೆನಪಿದೆ.

ನನ್ನ ಗೇಜಿನ ಸೂಜಿ ಗುರುತಿಗಿಂತ ಒಂದು ಗೆರೆ ಕೆಳಗಿತ್ತು.

ಎಲ್ಲರಿಗೂ ಕಲಿಸಿದ್ದ ಒಂದು ವಿಷಯವಿದೆ. ಬಿಸಿಯಲ್ಲಿ ತುಂಬಿದ ಅನಿಲ ತಣ್ಣಗಾದಾಗ ಒತ್ತಡ ಸ್ವಲ್ಪ ಇಳಿಯುತ್ತದೆ. ಅದು ಸೋರಿಕೆಯಲ್ಲ. ನನಗೆ ಅದು ಗೊತ್ತಿತ್ತು. ಮರೆತಿರಲಿಲ್ಲ ಕೂಡ. ಅಲ್ಲಿ ನಿಂತಾಗ ಆ ಮಾತು ತಲೆಯಲ್ಲಿ ಬಂದು ಹೋಯಿತು. ಆದರೆ ಅದು ಬೆಸುಗೆ ಬರುವವರ ಪೈಪಿನ ಮಾತು, ನನ್ನದು ಇಳಿದಿದ್ದರೆ ಸೋರಿಯೇ ಇಳಿದಿರುತ್ತದೆ ಎಂದುಕೊಂಡೆ. ಪಕ್ಕದವರ ಗೇಜುಗಳನ್ನು ನೋಡಿದ್ದರೆ ಮುಗಿಯುತ್ತಿತ್ತು. ಅದೂ ಹೊಳೆಯಿತು. ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ನೋಡಿದಂತಾಗುತ್ತದೆ ಎಂದು ಕತ್ತು ಆ ಕಡೆ ತಿರುಗಿಸಲಿಲ್ಲ.

ಗೋಡೆಯ ಮೇಲೆ ಮೇಷ್ಟ್ರ ಕೈಬರಹವಿತ್ತು. ಸೋರುವ ಜಾಯಿಂಟಿಗೆ ತೇಪೆ ಹಾಕಬೇಡಿ, ಕತ್ತರಿಸಿ ಹೊಸದು ಮಾಡಿ. ತುಂಬಿದ್ದ ಅನಿಲ ಹೊರಗೆ ಬಿಟ್ಟೆ. ಕಟರ್ ತಂದು ಜಾಯಿಂಟಿನ ಎರಡೂ ಬದಿ ಕತ್ತರಿಸಿದೆ. ತುಂಡನ್ನು ಮೂಲೆಯ ಗುಜರಿ ಡಬ್ಬಕ್ಕೆ ಹಾಕಿ ಹೊಸ ಬೆಸುಗೆ ಹಚ್ಚತೊಡಗಿದೆ. ಲಾಂಡ್ರಿಯಲ್ಲಿ ಸೊಟ್ಟಗೆ ಹೋದ ಬಟ್ಟೆಯನ್ನು ಮತ್ತೆ ನೀರಿಗೆ ಹಾಕುವಂತೆ ಕೈ ತಾನೇ ಮಾಡುತ್ತಿತ್ತು.

ಸೂಪರ್‌ವೈಸರ್ ಮೇಷ್ಟ್ರ ಜೊತೆ ಒಳಗೆ ಬಂದಾಗ ನನ್ನ ಪೈಪು ಇನ್ನೂ ಬಿಸಿಯಾಗಿತ್ತು. ಹಿಂದೆ ಲಂಬು, ಉಳಿದವರು.

“ಇದೇನಮ್ಮಾ, ಹೊಗೆ?” ಎಂದರು ಸೂಪರ್‌ವೈಸರ್.

“ನಂದು ಸೋರ್ತಿತ್ತು ಸಾರ್. ಕತ್ತರಿಸಿ ಹೊಸದು ಹಾಕಿದೆ.”

“ಸೋರ್ತಿತ್ತು ಅಂತ ಹೇಗೆ ಗೊತ್ತಾಯ್ತು?”

“ಸೂಜಿ ಇಳಿದಿತ್ತು.”

“ಎಷ್ಟು?”

“ಒಂದು ಗೆರೆ.”

ಅವರು ಸಾಲಿನ ಗೇಜುಗಳನ್ನು ನೋಡುತ್ತಾ ಹೋದರು. ಕೊನೆಯವರೆಗೆ ಹೋಗಿ ವಾಪಸು ಬಂದರು.

“ಎಲ್ಲರದ್ದೂ ಒಂದು ಗೆರೆ ಇಳಿದಿದೆ. ರಾತ್ರಿ ತಂಪಿತ್ತು. ನಿಮಗೆ ಇದನ್ನ ಹೇಳಿಕೊಟ್ಟಿಲ್ವಾ?”

“ಹೇಳಿಕೊಟ್ಟಿದ್ದಾರೆ ಸಾರ್.”

“ಸೋಪಿನ ನೀರು ಹಚ್ಚಿ ನೋಡಿದ್ರಾ? ಗುಳ್ಳೆ ಬಂತಾ?”

“ನೋಡಲಿಲ್ಲ.”

“ಯಾಕೆ?”

ಅಷ್ಟು ಖಾತ್ರಿಯಿತ್ತು ಎಂದು ಹೇಳಬಹುದಿತ್ತೇನೋ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು.

“ಸಾರ್, ನಿನ್ನೆ ಅಕ್ಕನ ಜಾಯಿಂಟ್ ನಾನು ನೋಡಿದ್ದೆ,” ಎಂದ ಲಂಬು. “ನಮ್ಮೆಲ್ಲರದ್ದಕ್ಕಿಂತ ಚೆನ್ನಾಗಿತ್ತು. ನಂದು ನೋಡಿ, ಕಾಗೆ ಗೂಡು ಕಟ್ಟಿದ ಹಾಗಿದೆ. ಅದೇ ಸೋರಿಲ್ಲ ಅಂದ್ಮೇಲೆ...”

“ಇದ್ದಿದ್ರೆ ನಾನೂ ನೋಡ್ತಿದ್ದೆ. ಇಲ್ಲದಿರೋದಕ್ಕೆ ಎಲ್ಲಿಂದ ಮಾರ್ಕು ಹಾಕ್ಲಿ?” ಎಂದರು ಸೂಪರ್‌ವೈಸರ್.

ಹೊಸ ಜಾಯಿಂಟಿಗೆ ಒಂದು ರಾತ್ರಿ ಕಾಯುವಷ್ಟು ಸಮಯ ಅವರಿಗಿರಲಿಲ್ಲ. ಸಂಜೆಗೆ ಬೇರೆ ಊರಿನ ಶಾಲೆಗೆ ಹೋಗಬೇಕಿತ್ತು.

ಮಧ್ಯಾಹ್ನ ಒಬ್ಬೊಬ್ಬರನ್ನೇ ಆಫೀಸು ಕೋಣೆಗೆ ಕರೆದರು. ನನ್ನ ಸರದಿ ಬಂದಾಗ ಸೂಪರ್‌ವೈಸರ್ ಚಹಾ ಕುಡಿಯುತ್ತಿದ್ದರು. ಕೆಟ್ಟವರಲ್ಲ. ಕೂತುಕೊಳ್ಳಲು ಹೇಳಿದರು.

“ಎಷ್ಟು ಸಂಬಳ ನಿರೀಕ್ಷೆ ಮಾಡ್ತೀರಿ?”

ಅತ್ತೆ ಕಲಿಸಿದ ಮೊತ್ತ ನಾಲಿಗೆಯ ತುದಿಯಲ್ಲಿತ್ತು. ನಾನು ಲಾಂಡ್ರಿಯಲ್ಲಿ ಸಿಗುವಷ್ಟು ಕೊಟ್ಟರೆ ಸಾಕು ಎಂದೆ.

“ಹೆಲ್ಪರಿಗೆ ಅಷ್ಟೂ ಬರಲ್ಲಮ್ಮಾ.” ಲೋಟ ಕೆಳಗಿಟ್ಟರು. “ನೋಡಿ, ಸೋರೋದನ್ನ ಹಾಗೇ ಬಿಟ್ಟು ಬರೋರನ್ನ ದಿನಾ ನೋಡ್ತೀನಿ. ಗಟ್ಟಿ ಇರೋದನ್ನ ಕತ್ತರಿಸೋರನ್ನ ಇವತ್ತೇ ನೋಡಿದ್ದು. ಗಿರಾಕಿ ಮನೇಲಿ ನಿಮ್ಮನ್ನ ಒಬ್ಬರನ್ನೇ ಬಿಟ್ರೆ ಇಡೀ ದಿನ ಕತ್ತರಿಸ್ತಾ ಕೂರ್ತೀರಿ. ಅದಕ್ಕೆ ದುಡ್ಡು ಯಾರು ಕೊಡ್ತಾರೆ?”

“ಹೌದು ಸಾರ್,” ಎಂದೆ. ಅವರು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ.

“ಹೆಲ್ಪರ್ ಆಗಿ ಬರ್ತೀರಾ? ಒಂದು ವರ್ಷ ಆಗ್ಲಿ, ಆಮೇಲೆ ನೋಡೋಣ.”

ಲಾಂಡ್ರಿಯಲ್ಲಿ ನನ್ನ ಜಾಗದಲ್ಲಿ ಆ ಚುರುಕು ಕೈಯವಳು ನಿಂತಿದ್ದಳು. ಬರುತ್ತೇನೆ ಎಂದೆ.

ಹೊರಗೆ ಬಂದವಳು ಮನೆಗೆ ಹೋಗಲಿಲ್ಲ. ಶೆಡ್ಡಿಗೆ ಹೋಗಿ ಗುಜರಿ ಡಬ್ಬದ ಮುಂದೆ ಕೂತೆ. ಆ ತುಂಡು ಸಿಕ್ಕರೆ ಎರಡೂ ಬದಿ ಮುಚ್ಚಿ, ಮತ್ತೆ ಅನಿಲ ತುಂಬಿ ನೀರಿನಲ್ಲಿ ಮುಳುಗಿಸಿ ನೋಡಬಹುದಿತ್ತು. ಕಂಪನಿಗೆ ಅದು ಬೇಕಿಲ್ಲವೆಂದು ಗೊತ್ತಿತ್ತು. ನನಗೆ ಬೇಕಿತ್ತು. ಆದರೆ ಡಬ್ಬದ ತುಂಬ ವರ್ಷವಿಡೀ ನಾವೆಲ್ಲ ಕಲಿಯಲೆಂದು ಮಾಡಿ ಕತ್ತರಿಸಿ ಎಸೆದ ತುಂಡುಗಳು. ಮಧ್ಯಾಹ್ನದೊಳಗೆ ಯಾರೋ ಇನ್ನೊಂದಷ್ಟು ಸುರಿದಿದ್ದರು. ಒಂದು ಕೈಗೆತ್ತಿಕೊಂಡೆ, ಇದೇ ಅನ್ನಿಸಿತು. ಇನ್ನೊಂದನ್ನು ಎತ್ತಿಕೊಂಡೆ, ಅದೂ ಹಾಗೇ ಅನ್ನಿಸಿತು.

ಲಂಬು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಹಾಗೆ ಕೂತರೂ ನನಗಿಂತ ಎತ್ತರವೇ. ಅವನು ಟೆಕ್ನಿಷಿಯನ್ ಆಗಿದ್ದ.

“ಇದು ನೋಡಿ ಅಕ್ಕ, ನಿಮ್ದೇ ಇರ್ಬೇಕು. ಎಷ್ಟು ನುಣ್ಣಗಿದೆ.”

“ಅದು ಮೇಷ್ಟ್ರದ್ದು. ನಮಗೆ ತೋರಿಸೋಕೆ ಮಾಡಿದ್ದು.”

“ಹಂಗಾದ್ರೆ ಇದು?”

“ಗೊತ್ತಿಲ್ಲಪ್ಪ.”

ಅವನು ಇನ್ನೂ ಸ್ವಲ್ಪ ಹೊತ್ತು ಕೆದಕಿ, ಕೈಯ ಕಪ್ಪನ್ನು ಪ್ಯಾಂಟಿಗೆ ಒರೆಸಿಕೊಂಡು, “ಚಹಾ ಕುಡೀತೀರಾ?” ಎಂದ. ಬೇಡವೆಂದೆ.

ಮನೆಗೆ ಬಂದಾಗ ಅತ್ತೆ ಬಾಗಿಲ ಬಳಿಯೇ ಇದ್ದರು. ನನ್ನ ಮುಖ ನೋಡಿ ಇಂಜಿನಿಯರಮ್ಮ ಎನ್ನಲಿಲ್ಲ. ನಾನು ಚಪ್ಪಲಿ ಬಿಡುತ್ತಾ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ.

“ಎಷ್ಟು ಬೇಕು ಅಂದಾಗ ಏನಂದೆ?”

ಹೇಳಿದೆ.

“ಅಷ್ಟು ಹೇಳೋಕೆ ನಾನ್ಯಾಕೆ ಆ ಕುರ್ಚೀಲಿ ಕೂತು ಕತ್ತು ನೋಯಿಸ್ಕೊಂಡೆ?” ಎಂದು ಒಳಗೆ ಹೋದರು. ಪಾತ್ರೆಗಳ ಸದ್ದು ಜೋರಾಗಿ ಕೇಳಿತು. ಆಮೇಲೆ ಒಳಗಿನಿಂದಲೇ, “ಕೈಕಾಲು ತೊಳೆದು ಬಾ, ಊಟ ಆರ್ತಿದೆ,” ಎಂದರು.

ಸಂಬಳದ ಕೊರತೆ ತುಂಬಲು ಹಿಂದಿನ ಕೋಣೆಯನ್ನು ಬಾಡಿಗೆಗೆ ಬಿಟ್ಟೆವು. ಅದು ಅತ್ತೆಯ ಕೋಣೆ. ಈಗ ಅವರು ನಡುಮನೆಯಲ್ಲಿ ಮಗಳ ಪಕ್ಕ ಮಲಗುತ್ತಾರೆ. ಅವಳು ಒದೆಯುತ್ತಾಳೆಂದು ಬೆಳಿಗ್ಗೆ ಬೈಯುತ್ತಾರೆ, ಅವಳನ್ನೋ ನನ್ನನ್ನೋ ತಿಳಿಯುವುದಿಲ್ಲ. ನಾನು ಏಣಿ ಹಿಡಿಯುತ್ತೇನೆ, ಪೈಪು ಹೊರುತ್ತೇನೆ, ಫಿಲ್ಟರ್ ತೊಳೆಯುತ್ತೇನೆ. ಮೇಲೆ ನಿಂತ ಟೆಕ್ನಿಷಿಯನ್ ಸೋಪಿನ ನೀರು ಕೇಳಿದರೆ ಕಲಸಿ ಕೊಡುತ್ತೇನೆ. ಮಣಿಕಟ್ಟಿನ ನೋವು ಕಡಿಮೆಯಾಗಿದೆ. ಅದಕ್ಕೆ ಸಂತೋಷಪಡಬೇಕೆಂದು ಗೊತ್ತು.

ವರ್ಷ ತುಂಬಿದ ಮೇಲೆ ಏನಾಗುತ್ತದೆಂದು ಕೇಳಿದರೆ ಕಂಪನಿಯವರು ನೋಡೋಣ ಎನ್ನುತ್ತಾರೆ. ಆ ಜಾಯಿಂಟು ಖಂಡಿತ ಗಟ್ಟಿಯಿತ್ತು ಎಂದು ಮೇಷ್ಟ್ರು ಈಗಲೂ ಹೇಳುತ್ತಾರೆ. ಲಂಬುವೂ ಹಾಗೇ ಹೇಳುತ್ತಾನೆ. ಅವರು ನೋಡಿದ್ದು ಹೊರಗಿನ ಉಂಗುರವನ್ನು. ಒಳಗೆ ಕೂದಲೆಳೆಯಷ್ಟು ಸಂದಿ ಇತ್ತೋ ಇಲ್ಲವೋ ಅವರಿಗೂ ಕಾಣುವಂತಿರಲಿಲ್ಲ. ಗುಜರಿ ಡಬ್ಬ ಆ ವಾರವೇ ಖಾಲಿಯಾಯಿತು. ನನ್ನ ಜಾಯಿಂಟು ಸೋರುತ್ತಿತ್ತೇ ಎಂಬುದು ನನಗೆ ಗೊತ್ತಿಲ್ಲ.