ಬಿಟ್ಟಿ ಅಕ್ಷರ

ಭಾವನ ಸಮಾಧಿ ಕಲ್ಲಿಗೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ಪಾದ್ರಿ ಸರಿಸಿದಾಗ ಅವರ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವರು ಏನು ಓದಿದರೂ ಒಂದೇ ರಾಗ, ಮದುವೆಯಾದರೂ ಸರಿ, ಮಣ್ಣಾದರೂ ಸರಿ. ಅದೇ ರಾಗದಲ್ಲಿ ಭಾವನ ಹೆಸರು ಓದಿದರು, ಹುಟ್ಟಿದ್ದು ಹೋದದ್ದು ಓದಿದರು, ಆಮೇಲೆ ಎರಡೂ ಕೈ ಮೇಲೆತ್ತಿ "ನಾನು ನಿನ್ನ ಕೈ ಬಿಡುವೆನು" ಎಂದು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು.

"ಆಮೆನ್" ಎಂದರು ಬಂದವರೆಲ್ಲ.

ನಾನೂ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಿಡುವೆನು? ಬೈಬಲಿನಲ್ಲಿರುವಂತೆ ನಾನು ಕೆತ್ತಲು ಬರೆದುಕೊಟ್ಟದ್ದು ‘ಬಿಡೆನು’! ಹಳೆಯ ಕಾಲದವರ ಮಾತಿನಲ್ಲಿ ಇದೊಂದು ಕಿತಾಪತಿ ಇದೆ. ಬಾರೆನು ಅಂದರೆ ಬರುವುದಿಲ್ಲ, ಮಾಡೆನು ಅಂದರೆ ಮಾಡುವುದಿಲ್ಲ. ‘ಇಲ್ಲ’ ಅನ್ನುವುದನ್ನು ಮಾತಿನ ಹೊಟ್ಟೆಯೊಳಗೇ ಬಚ್ಚಿಟ್ಟುಬಿಡುತ್ತಿದ್ದರು. ನಡುವೆ ಒಂದು ಅಕ್ಷರ ತುರುಕಿದರೆ ಸಾಕು, ದೇವರು ಕೊಟ್ಟ ಮಾತು ತಲೆಕೆಳಗಾಗುತ್ತದೆ. ಹೂವು ಹಿಡಿದು ನಿಂತಿದ್ದ ಅಷ್ಟೂ ಜನ, ದೇವರು ನಮ್ಮ ಕೈ ಬಿಡಲಿ ಎಂದು ಒಂದೇ ಕಂಠದಲ್ಲಿ ಒಪ್ಪಿಗೆ ಕೊಟ್ಟಾಗಿತ್ತು.

ಅಷ್ಟರಲ್ಲಿ ಅಕ್ಕ ನಕ್ಕಳು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು. ಭಾವ ಹೋದ ಮೇಲೆ ಅವಳ ಬಾಯಿಂದ ಹೊರಟ ಮೊದಲ ದೊಡ್ಡ ಸದ್ದು ಅದು. ಪಾದ್ರಿ ಕನ್ನಡಕ ಮೇಲೇರಿಸಿಕೊಂಡು ಕಲ್ಲನ್ನು ಮತ್ತೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲೇ. ಅವರ ಮುಖ ಕೆಂಪಾಯಿತು.

ಆ ಸಾಲು ಕೆತ್ತಿಸಿದ್ದು ನಾನು. ಅಕ್ಕ ಬೇಡವೆಂದಿದ್ದಳು. "ಹೆಸರು ಇದ್ರೆ ಸಾಕು. ಕಲ್ಲಿನ ಮೇಲೆ ಸುಳ್ಳು ಬೇಡ" ಅಂದಿದ್ದಳು. ಆದರೆ ಭಾವನ ಕಲ್ಲಿನ ಮೇಲೆ ಆ ಮಾತಿಲ್ಲದಿದ್ದರೆ ಅದು ಭಾವನ ಕಲ್ಲೇ ಅಲ್ಲ. ಶಾಲೆಯ ವ್ಯಾನು ಓಡಿಸುತ್ತಿದ್ದ ಅವರನ್ನು ಊರಿನ ಮಕ್ಕಳೆಲ್ಲ ‘ಬಿಡೆನು ಮಾಮ’ ಎಂದೇ ಕರೆಯುತ್ತಿದ್ದರು. ಟೈರು ಪಂಕ್ಚರಾದರೆ, "ಕೈ ಬಿಡೆನು ಅಂದಿದಾನೆ, ಬಿಡಲ್ಲ ಬನ್ನಿ". ಬ್ಯಾಟರಿ ಸತ್ತರೆ, "ಕೈ ಬಿಡೆನು ಅಂದಿದಾನೆ, ಇಳಿದು ತಳ್ಳಿ". ದಾರಿ ತಪ್ಪಿದರಂತೂ ಅವರಿಗೆ ಹಬ್ಬ. ಯಾರನ್ನೂ ದಾರಿ ಕೇಳುವ ಪೈಕಿ ಅವರಲ್ಲ. ಮೇಲೊಬ್ಬ ತೋರಿಸುತ್ತಾನೆ ಅನ್ನುವುದು ಅವರ ಭರವಸೆ, ಮೇಲಿರುವವನು ಪಕ್ಕದ ಅಂಗಡಿಯವನ ಬಾಯಿಂದಲೂ ತೋರಿಸಬಹುದು ಅನ್ನುವುದು ಅಕ್ಕನ ವಾದ.

ಒಮ್ಮೆ ಹೀಗೇ ನಾವು ಮೂವರೂ ನೆಂಟರ ಮದುವೆಗೆ ಹೊರಟು, ಯಾರದೋ ಮದುವೆಗೆ ಮುಟ್ಟಿದೆವು. ಚರ್ಚೂ ಬೇರೆ, ಊರೂ ಬೇರೆ. ಭಾವ ಮುಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿ, ಗುರುತಿಲ್ಲದ ಮದುಮಗಳಿಗೆ ನಮ್ಮ ಉಡುಗೊರೆ ಕೊಟ್ಟು, ಊಟ ಮುಗಿಸಿ ಬಂದರು. "ಆತ ಇಲ್ಲಿಗೆ ಕರ್ಕೊಂಡ್ ಬಂದ ಅಂದ್ಮೇಲೆ ಏನೋ ಇರುತ್ತೆ" ಅಂದರು. ವಾಪಸು ಬರುವಾಗ ಅಕ್ಕ ಕುದಿಯುತ್ತಿದ್ದಳು.

"ಯಾವತ್ತೋ ಒಂದಿನ ನನ್ನ ಹೀಗೇ ನಡುದಾರೀಲಿ ಇಳಿಸಿ ಹೋಗ್ತೀರ ನೀವು."

ಭಾವ ಸ್ಟೇರಿಂಗ್ ಮೇಲಿಂದ ಒಂದು ಕೈ ತೆಗೆದು ಅವಳ ಕೈ ಹಿಡಿದುಕೊಂಡರು. "ಬಿಡ್ತೀನೇನೇ?"

"ಮೊದ್ಲು ಸ್ಟೇರಿಂಗ್ ಹಿಡ್ಕೊಳ್ಳಿ" ಎಂದು ಅಕ್ಕ ಕೈ ಕೊಡವಿದಳು. ಕೊಡವಿದಂತೆ ಮಾಡಿದಳು ಅಷ್ಟೇ, ಹಿಂದಿನ ಸೀಟಿನಲ್ಲಿದ್ದ ನನಗೆ ಚೆನ್ನಾಗಿ ಕಾಣುತ್ತಿತ್ತು.

ಆಮೇಲೆ ಭಾವನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಅಕ್ಕ ಆಸ್ಪತ್ರೆಯ ವರಾಂಡದಲ್ಲಿ, ಓಡಾಡುವವರ ಕಾಲಿನ ನಡುವೆಯೇ ಮೊಣಕಾಲೂರಿ ಪ್ರಾರ್ಥಿಸಿದಳು. ಬೇಡಿದಳು, ಅತ್ತಳು, ಹರಕೆ ಹೊತ್ತಳು. ಕೊನೆಯ ಗಳಿಗೆಯಲ್ಲಿ ಭಾವ ಅವಳ ಕೈ ಹಿಡಿದುಕೊಂಡೇ ಇದ್ದರು, ಹಿಡಿದ ಕೈ ಹಾಗೆಯೇ ಸಡಿಲಾಯಿತು. ಅವತ್ತಿನಿಂದ ಅಕ್ಕ ದೇವರ ಜೊತೆ ಮಾತು ಬಿಟ್ಟಳು. ಚರ್ಚಿಗೆ ಹೋಗಲಿಲ್ಲ, ಊಟದ ಮುಂಚೆ ಶಿಲುಬೆಯ ಗುರುತು ಹಾಕಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಇರುತ್ತಿತ್ತು. ಬೈಯಲೂ ಇಲ್ಲ.

ನಮ್ಮಿಬ್ಬರದೂ ಒಂದೇ ಹೊಲಿಗೆ ಅಂಗಡಿ. ಅಕ್ಕ ಕತ್ತರಿಸಿ ಹೊಲಿಯುತ್ತಾಳೆ, ನಾನು ಕಾಜಾ ಗುಂಡಿ ಮಾಡುತ್ತೇನೆ. ಮೊದಲೆಲ್ಲ ಅವಳ ಬಾಯಿ ಮೆಷಿನ್ನಿಗಿಂತ ಜೋರಾಗಿ ಓಡುತ್ತಿತ್ತು. ಈಗ ಮೆಷಿನ್ನಿನ ಸದ್ದು ಮಾತ್ರ. ಒಂದು ದಿನ ಗಿರಾಕಿಯೊಬ್ಬನ ಶರ್ಟಿಗೆ ಎರಡೂ ಎಡತೋಳೇ ಹೊಲಿದಿಟ್ಟಳು. ನಾನು ಎತ್ತಿ ತೋರಿಸಿದರೆ ನಗಲೂ ಇಲ್ಲ, ಸುಮ್ಮನೆ ಬಿಚ್ಚತೊಡಗಿದಳು. ನನಗೆ ಭಯವಾಯಿತು. ದೇವರ ಜೊತೆ ಮಾತು ಬಿಟ್ಟವಳು ಆಮೇಲೆ ಗಿರಾಕಿಗಳ ಜೊತೆ, ಕೊನೆಗೆ ನನ್ನ ಜೊತೆಯೂ ಮಾತು ಬಿಡುತ್ತಾಳೆ, ಹೀಗೇ ಒಳಗೊಳಗೇ ಮುಗಿದುಹೋಗುತ್ತಾಳೆ ಅನ್ನಿಸಿತು. ನಾನು ಹೇಳಿದರೆ ಕೇಳುವವಳಲ್ಲ, ಕಲ್ಲಾದರೂ ಹೇಳಲಿ ಎಂದು ಆ ಸಾಲು ಬರೆದುಕೊಟ್ಟೆ.

ಕಲ್ಲು ಹೇಳಿದ್ದು ನೋಡಿ!

ಜನ ಚದುರುತ್ತಿದ್ದಂತೆ ಕಲ್ಲು ಕೆತ್ತುವ ಉಳಿಯಣ್ಣ ಹಲ್ಲು ಕಿರಿಯುತ್ತಾ ಬಂದ. ಕಿವಿಯ ಮೇಲೆ ಪೆನ್ಸಿಲ್ಲು, ಹುಬ್ಬಿನ ಮೇಲೆ ಕಲ್ಲಿನ ಪುಡಿ.

"ನೀವ್ ಬರ್ಕೊಟ್ಟಿದ್ರಲ್ಲಿ ಒಂದಕ್ಷರ ಬಿಟ್ಟೋಗಿತ್ತಮ್ಮ. ಬಿಡೆನು ಅಂತೆ! ನಾನೇ ಸರಿ ಮಾಡ್ದೆ. ನಮ್ದು ಅಕ್ಷರಕ್ಕಿಷ್ಟು ಅಂತ ರೇಟು, ಆದ್ರೆ ಇದನ್ನ ಬಿಟ್ಟಿ ಹಾಕಿದೀನಿ."

ನಾನು ಅವನಿಗೆ ಅರ್ಥ ಬಿಡಿಸಿ ಹೇಳಿದೆ. ಅವನು ಪಕ್ಕದ ಗೋರಿಯ ಮೇಲೆ ಕುಸಿದು ಕೂತ. ಕಲ್ಲಿನ ಪುಡಿಗೆ ಅಂಟು ಕಲಸಿ ಅಕ್ಷರ ಮುಚ್ಚಬಹುದು, ಆದರೆ ತೇಪೆ ಕಾಣುತ್ತದೆ ಎಂದ. ಕಲ್ಲನ್ನೇ ತಿರುಗಿಸಿ ಹಿಂಬದಿಗೆ ಹೊಸದಾಗಿ ಕೆತ್ತಿಕೊಡುತ್ತೇನೆ, ಅದೂ ಬಿಟ್ಟಿ ಎಂದ.

"ಯಾರಾದ್ರೂ ಮುಟ್ಟಿದ್ರೆ ನೋಡಿ" ಎಂದಳು ಅಕ್ಕ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು. "ಇಷ್ಟು ದಿನಕ್ಕೆ ಒಂದು ನಿಜ ಹೊರಗೆ ಬಂದಿದೆ. ಹಾಗೇ ಇರ್ಲಿ."

ಮಾರನೆಯ ದಿನ ಅಕ್ಕ ಅಂಗಡಿಗೆ ತಡವಾಗಿ ಬಂದಳು. ಅದರ ಮಾರನೆಯ ದಿನವೂ. ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿತ್ತು. ಎಲ್ಲಿಗೆ ಹೋಗಿದ್ದೆ ಎಂದರೆ "ಕೆಲಸ ಇತ್ತು" ಅಂದಳು. ನಾನು ಸುಮ್ಮನಿರುವ ಜಾತಿಯಲ್ಲ. ಹಿಂದೆಯೇ ಹೋಗಿ, ಯಾರೋ ಪುಣ್ಯಾತ್ಮನ ದೊಡ್ಡ ಕಲ್ಲಿನ ಮರೆಯಲ್ಲಿ ಕೂತೆ.

ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತು ಕಲ್ಲಿಗೆ ಬೈಯುತ್ತಿದ್ದಳು. ಭಾವನಿಗೊಂದು ಪಾಲು, ದೇವರಿಗೊಂದು ಪಾಲು. ಯಾವುದು ಯಾರದ್ದು ಎಂದು ತಿಳಿಯುವುದು ಕಷ್ಟವಿರಲಿಲ್ಲ. ‘ನೀವು’ ಅಂದರೆ ಗಂಡ, ‘ನೀನು’ ಅಂದರೆ ದೇವರು.

"ಬಚ್ಚಲು ನಲ್ಲಿ ಸೋರ್ತಿದೆ, ರಿಪೇರಿ ಮಾಡಿಸ್ತೀನಿ ಮಾಡಿಸ್ತೀನಿ ಅಂತ ಹೇಳ್ಕೊಂಡೇ ಹೋದ್ರಿ ನೀವು! ಮತ್ತೆ ನೀನು, ಅಷ್ಟು ಬೇಡ್ಕೊಂಡೆನಲ್ಲ, ಕಿವಿ ಕೇಳಿಸಲ್ವಾ ನಿನಗೆ? ಬಿಡ್ತೀನಿ ಅಂತ ಮೊದ್ಲೇ ಹೇಳಿದ್ರೆ ನಾನೂ ಸಿದ್ಧ ಆಗ್ತಿದ್ದೆ. ದಿನಾ ಬೆಳಗ್ಗೆ ಎರಡು ಲೋಟ ಚಹಾ ಮಾಡಿ ಒಂದನ್ನ ಚೆಲ್ತೀನಿ. ಗೊತ್ತಾ ನಿನಗೆ? ಗೊತ್ತಾ?"

ಕಲ್ಲಿನ ಹಿಂದೆ ಕೂತು ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಆದರೆ ನಿಜ ಹೇಳಬೇಕೆಂದರೆ ಖುಷಿಯೂ ಆಗಿತ್ತು. ಆ ದಿನ ಅಂಗಡಿಯಲ್ಲಿ ಅಕ್ಕ ನನ್ನ ಕಾಜಾ ವಕ್ರವಾಗಿದೆ ಎಂದು ಬೈದಳು. ಗಿರಾಕಿಗೆ "ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಡ್ಬೇಡಿ, ಆಮೇಲೆ ಗುಂಡಿ ಹಾರುತ್ತೆ" ಎಂದು ಗದರಿದಳು. ಶರ್ಟಿಗೆ ಒಂದು ಬಲತೋಳು, ಒಂದು ಎಡತೋಳು ಬಂತು.

ಸುದ್ದಿ ಪಾದ್ರಿಯ ಕಿವಿಗೂ ಬಿತ್ತು. ನಿಲುವಂಗಿಯ ಗುಂಡಿ ಕಿತ್ತುಹೋಗಿದೆ ಎಂಬ ನೆಪ ಹಿಡಿದು, ಅಕ್ಕ ಇಲ್ಲದ ಹೊತ್ತು ನೋಡಿ ಬಂದರು. ಗುಂಡಿ ಕಿತ್ತುಹೋಗಿರಲಿಲ್ಲ, ಅವರೇ ಕಿತ್ತಿದ್ದರು, ದಾರ ನೋಡಿದರೆ ನನಗೆ ತಿಳಿಯುವುದಿಲ್ಲವೇ?

"ನಿಮ್ಮಕ್ಕ ದೇವರಿಗೆ ಬಾಯಿಗೆ ಬಂದ ಹಾಗೆ ಬೈತಿದಾರಂತಲ್ಲಮ್ಮ" ಎಂದು ಪಿಸುಗುಟ್ಟಿದರು.

"ಬೈಲಿ ಬಿಡಿ ಫಾದರ್. ಜಗಳ ಆಡೋಕೆ ಎದುರಿಗೆ ಒಬ್ರು ಇರ್ಬೇಕಲ್ವಾ? ಇಲ್ಲದೋರ ಜೊತೆ ಯಾರಾದ್ರೂ ದಿನಾ ಹೋಗಿ ಜಗಳ ಆಡ್ತಾರಾ?"

ಅವರು ಇನ್ನಷ್ಟು ಹತ್ತಿರ ಬಂದರು. "ಇದನ್ನ ಭಾನುವಾರದ ಪ್ರಸಂಗದಲ್ಲಿ ಹೇಳ್ಬಹುದಾ?"

"ಧಾರಾಳವಾಗಿ. ಆದ್ರೆ ನಿಮ್ಮದೇ ಯೋಚನೆ ಅಂತ ಹೇಳ್ಬೇಡಿ" ಅಂದೆ. ಅವರು ಹೂಂ ಎಂದು ಹೋದರು, ಭಾನುವಾರ ತಮ್ಮದೇ ಯೋಚನೆ ಎಂದೇ ಹೇಳಿದರು.

ಹೀಗೆ ನಡೆದಿರುವಾಗ ಒಂದು ಬೆಳಿಗ್ಗೆ ನೆಲ ಒದ್ದೆಯಾಗಿತ್ತು. ಅಕ್ಕನ ಜಗಳ ಅವತ್ತು ತಾರಕಕ್ಕೇರಿತ್ತು, ಹಿಂದಿನ ದಿನ ಭಾವನ ವ್ಯಾನು ಯಾರೋ ಓಡಿಸಿಕೊಂಡು ಹೋಗುವುದನ್ನು ನೋಡಿದ್ದಳು. ಮಾತಿನ ಭರದಲ್ಲಿ ಕಲ್ಲಿಗೊಂದು ಒದೆ ಕೊಡಲು ಕಾಲೆತ್ತಿದಳು. ಎತ್ತಿದ ಕಾಲು ಕಲ್ಲಿಗೆ ಮುಟ್ಟಲಿಲ್ಲ, ಊರಿದ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಕೆಸರಿನಲ್ಲಿ ಜರ್ರೆಂದು ಜಾರಿ, ಎರಡೂ ಕೈಯಿಂದ ಕಲ್ಲನ್ನೇ ತಬ್ಬಿಕೊಂಡು ಮಂಡಿಯ ಮೇಲೆ ಬಿದ್ದಳು. ಕಲ್ಲು ಅಲ್ಲಾಡಲಿಲ್ಲ.

ನಾನು ಮರೆಯಿಂದ ಓಡಿ ಬಂದೆ.

"ನೀನೇನ್ ಮಾಡ್ತಿದೀಯಾ ಇಲ್ಲಿ?" ಎಂದಳು, ಆ ಸ್ಥಿತಿಯಲ್ಲೂ.

"ಗುಂಡಿ ಬಿದ್ದುಹೋಗಿತ್ತು, ಹುಡುಕ್ತಿದ್ದೆ. ಎಲ್ಲಿ ನೋವು? ಕೈ ಬಿಡಕ್ಕ, ಎತ್ತುತ್ತೀನಿ."

"ಬಿಡಲ್ಲ."

"ಕಲ್ಲು ಬಿಟ್ರೆ ತಾನೇ ನನ್ನ ಕೈ ಹಿಡಿಯೋಕಾಗೋದು?"

"ಬಿಡಲ್ಲ ಅಂದ್ನಲ್ಲ! ಅವನು ಬಿಡ್ತೀನಿ ಅಂತ ಕಲ್ಲಲ್ಲಿ ಬರೆದಿಟ್ರೂ ನಾನು ಬಿಡಲ್ಲ ಕಣೇ, ಏನ್ ಮಾಡ್ತಾನೋ ಮಾಡ್ಲಿ!"

ತನ್ನ ಬಾಯಿಂದ ಏನು ಬಂತು ಎಂದು ಅವಳಿಗೇ ಆಗ ಕೇಳಿಸಿರಬೇಕು. ಆಮೇಲೆ ಕಲ್ಲಿಗೆ ಹಣೆ ಒತ್ತಿ ಅತ್ತಳು. ಆಸ್ಪತ್ರೆಯಲ್ಲಿ ಅತ್ತು ಮುಗಿಯದೆ ಉಳಿದದ್ದು, ಮಣ್ಣು ಮಾಡುವಾಗ ಅಳದೆ ಉಳಿದದ್ದು, ಎಲ್ಲ ಸೇರಿಸಿ ಅತ್ತಳು. ನಾನು ಕೆಸರಿನಲ್ಲೇ ಅವಳ ಪಕ್ಕ ಕೂತು ಬೆನ್ನು ಸವರುತ್ತಿದ್ದೆ.

ಅತ್ತು ಮುಗಿದ ಮೇಲೆ ನೋಡಿದರೆ ಅವಳ ಬೆರಳು ಕೊನೆಯ ‘ನು’ ಅಕ್ಷರದ ಗೀರಿನೊಳಗೆ ಸಿಕ್ಕಿಕೊಂಡಿತ್ತು. ಆ ಬೆರಳನ್ನು ನಿಧಾನವಾಗಿ ಅಕ್ಷರದ ಉದ್ದಕ್ಕೂ ಆಡಿಸಿದಳು. ಕೊಂಬಿನ ಬಳಿ ಬಂದು ನಿಲ್ಲಿಸಿದಳು. ಮತ್ತೆ ಆಡಿಸಿದಳು. ಬಟ್ಟೆ ಕೆಟ್ಟರೆ ಎಲ್ಲಿ ಹಿಡಿದರೆ ಸರಿಹೋದೀತು ಎಂದು ನೋಡುವಾಗ ಅವಳ ಕಣ್ಣು ಹೀಗೇ ಸಣ್ಣದಾಗುತ್ತದೆ.

"ಬಿಡ್ತೀನೇನೇ?" ಎಂದಳು ಮೆಲ್ಲಗೆ. ಥೇಟ್ ಭಾವನ ದನಿ.

"ಏನಕ್ಕಾ?"

"ಉಳಿಯಣ್ಣನ್ನ ಕರ್ಕೊಂಡ್ ಬಾ. ಬಿಚ್ಚೋದೂ ಬೇಡ, ತೇಪೆನೂ ಬೇಡ. ಸಣ್ಣ ಆಲ್ಟ್ರೇಶನ್ನು."

ಉಳಿಯಣ್ಣ ಬಂದಾಗ ಅಕ್ಕ ಬಟ್ಟೆಗೆ ಗೀರು ಹಾಕುವ ಸೀಮೆಸುಣ್ಣದಿಂದ ಕಲ್ಲಿನ ಮೇಲೆ ಗುರುತು ಹಾಕಿಟ್ಟಿದ್ದಳು. ‘ನು’ ಅಕ್ಷರದ ತಲೆಗೆ ಒಂದು ಎತ್ವ. ಪಕ್ಕದ ಕೊಂಬನ್ನು ಇನ್ನಷ್ಟು ಮೇಲಕ್ಕೆಳೆದು ಬಾಗಿಸುವುದು. ಅದರ ಕೆಳಗೊಂದು ಚುಕ್ಕೆ. ಅಷ್ಟೇ. ಉಳಿಯಣ್ಣ ಕಿವಿಯ ಪೆನ್ಸಿಲ್ಲು ತೆಗೆದು ತುಟಿಯಾಡಿಸುತ್ತಾ ಓದಿದ, ಮತ್ತೆ ಓದಿದ. ತಪ್ಪಿಲ್ಲ ತಾನೇ ಎಂದು ನನ್ನನ್ನು ಮೂರು ಸಲ ಕೇಳಿದ. ಆಮೇಲೆ ಉಳಿ ಹಿಡಿದು ಕೂತ.

"ಚುಕ್ಕೆಗೆ ಕಾಸಿಲ್ಲಮ್ಮ" ಎಂದ, ಮುಗಿಸಿ ಎದ್ದು.

"ನೀನು ಬಿಟ್ಟಿ ಕೊಟ್ಟಿದ್ದು ಈಗಾಗ್ಲೇ ಸಾಕಷ್ಟಾಗಿದೆ, ತಗೋ" ಎಂದು ನಾನು ಅವನ ಜೇಬಿಗೆ ತುರುಕಿದೆ.

ಕಲ್ಲಿಗೆ ಎರಡನೇ ಸಲ ಆಶೀರ್ವಾದ ಮಾಡುವ ಪದ್ಧತಿ ಇಲ್ಲ ಎಂದರು ಪಾದ್ರಿ. ಅವರೇ ಕಿತ್ತ ಗುಂಡಿಯ ದಾರದ ವಿಷಯ ಎತ್ತಿದೆ, ಪದ್ಧತಿ ಹುಟ್ಟಿಕೊಂಡಿತು. ಅದೇ ಜನ ಮತ್ತೆ ಹೂವು ಹಿಡಿದು ಬಂದರು. ಕೆಲವರು ಬರೀ ತಮಾಷೆ ನೋಡಲು ಬಂದಿದ್ದರು ಅನ್ನುವುದು ಮುಖದ ಮೇಲೇ ಬರೆದಿತ್ತು. ಪಾದ್ರಿ ಈ ಸಲ ಕನ್ನಡಕ ಒರೆಸಿ, ಸರಿಯಾಗಿ ಕೂರಿಸಿಕೊಂಡು, ಮೊದಲೇ ಒಮ್ಮೆ ಮನಸ್ಸಿನಲ್ಲಿ ಓದಿಕೊಂಡರು. ಆಮೇಲೆ ಹುಟ್ಟಿದಾಗಿನಿಂದ ಹಿಡಿದುಕೊಂಡು ಬಂದ ಆ ಒಂದೇ ರಾಗವನ್ನು ಬಿಟ್ಟು, ಮನೆಯಲ್ಲಿ ಒಬ್ಬರನ್ನೊಬ್ಬರು ಕೇಳುತ್ತೇವಲ್ಲ, ಆ ದನಿಯಲ್ಲಿ ಓದಿದರು.

"ನಾನು ನಿನ್ನ ಕೈ ಬಿಡುವೆನೆ?"

ಅಭ್ಯಾಸಬಲದಿಂದ ಎಲ್ಲರ ಬಾಯಿಯೂ ತೆರೆಯಿತು. ತೆರೆದ ಬಾಯಿ ಹಾಗೇ ನಿಂತಿತು. ಪ್ರಶ್ನೆಗೆ ಆಮೆನ್ ಅನ್ನಲಾಗುವುದಿಲ್ಲವಲ್ಲ. ಪಾದ್ರಿ ನನ್ನ ಕಡೆ ನೋಡಿದರು, ನಾನು ಉಳಿಯಣ್ಣನ ಕಡೆ ನೋಡಿದೆ, ಉಳಿಯಣ್ಣ ಎಲ್ಲಿ ತಪ್ಪಾಯಿತೋ ಎಂದು ಕಲ್ಲಿನ ಕಡೆ ನೋಡಿದ.

ಅಕ್ಕ ಮುಂದೆ ಬಂದು ಕಲ್ಲಿನ ಮೇಲೆ ಕೈ ಇಟ್ಟಳು.

"ಇಲ್ಲ" ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಸೆರಗಿನಿಂದ ಕಲ್ಲಿನ ಧೂಳು ಒರೆಸಿ, ಅಂಗಡಿ ತೆಗೆಯಲು ಹೊತ್ತಾಯಿತು ನಡಿ ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೊರಟಳು.